ಒಂದು ಸ್ಲೈಡರ್, 145 ಗುಣಗಳು

1983ರಲ್ಲಿ ಜಪಾನಿನ ಯಮಾಹಾ ಕಂಪನಿ ಹೊರತಂದ ಡಿಎಕ್ಸ್7 ಸಿಂಥಸೈಜರಿನ ಮೈಮೇಲೆ ತಿರುಗಿಸುವ ನಾಬ್ ಒಂದೂ ಇರಲಿಲ್ಲ. ಸಾಲಾಗಿ ಜೋಡಿಸಿದ ಚಪ್ಪಟೆ ಒತ್ತುಗುಂಡಿಗಳು, ಸಾಲಿಗೆ 16 ಅಕ್ಷರ ಹಿಡಿಸುವ ಎರಡು ಸಾಲಿನ ಪುಟ್ಟ ಪರದೆ, ಎರಡು ಸ್ಲೈಡರ್, ಇಷ್ಟೇ. ಅದರಲ್ಲೂ ಒಂದು ಸ್ಲೈಡರ್ ವಾಲ್ಯೂಮಿಗೆ ಮೀಸಲು. ಟೋನಿನ ಗುಣಗಳನ್ನೆಲ್ಲ ಮುಖ್ಯವಾಗಿ ಉಳಿದ ಒಂದರಲ್ಲೇ ತಿದ್ದಬೇಕು. ಒಂದು ಟೋನಿಗೆ ಅಂಥ ಗುಣಗಳು 145.

ಅದಕ್ಕೆ ಮೊದಲಿನ ಮಿನಿಮೂಗ್, ಪ್ರಾಫೆಟ್-5ರಂಥ ವಾದ್ಯಗಳಲ್ಲಿ ಒಂದು ಗುಣಕ್ಕೆ ಒಂದು ನಾಬ್ ಇರುತ್ತಿತ್ತು. ಕಣ್ಣು ಹಾಯಿಸಿದರೆ ಟೋನ್ ಹೇಗೆ ಕಟ್ಟಿದೆಯೆಂದು ತಿಳಿಯುತ್ತಿತ್ತು. ಡಿಎಕ್ಸ್7ರ ಒಳಗಿನ ಲೆಕ್ಕವೇ ಬೇರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಚೌನಿಂಗ್ 1967ರಲ್ಲಿ ಕಂಡುಕೊಂಡ ಎಫ್‌ಎಂ ವಿಧಾನ ಅದರ ಜೀವ. ಒಂದು ಸ್ವರವನ್ನು ಸೆಕೆಂಡಿಗೆ ಐದಾರು ಬಾರಿ ಮೇಲೆ ಕೆಳಗೆ ಆಡಿಸಿದರೆ ಅದು ಕಂಪನವಾಗಿ ಕೇಳುತ್ತದೆ. ಆ ಆಟದ ವೇಗವನ್ನು ಸೆಕೆಂಡಿಗೆ ನೂರಾರು ಬಾರಿಗೆ ಏರಿಸಿದರೆ ಕಿವಿಗೆ ಕಂಪನ ಗೊತ್ತೇ ಆಗುವುದಿಲ್ಲ, ನಾದದ ಬಣ್ಣವೇ ಬದಲಾಗಿರುತ್ತದೆ. ಗಂಟೆ, ಹಿತ್ತಾಳೆಯ ತುತ್ತೂರಿ, ಎಲೆಕ್ಟ್ರಿಕ್ ಪಿಯಾನೊ ಎಲ್ಲವೂ ಈ ಒಂದೇ ಉಪಾಯದಿಂದ ಹುಟ್ಟುತ್ತವೆ. ಡಿಎಕ್ಸ್7ರಲ್ಲಿ ಆಪರೇಟರ್ ಎಂದು ಕರೆಯುವ ಆರು ತರಂಗಮೂಲಗಳಿವೆ. ಯಾವುದು ಯಾವುದನ್ನು ಆಡಿಸಬೇಕೆಂಬ ಜೋಡಣೆಗೆ ಅಲ್ಗಾರಿದಂ ಎಂದು ಹೆಸರು; ಅಂಥವು 32. ಒಂದೊಂದು ಆಪರೇಟರಿಗೆ 21 ಗುಣಗಳಂತೆ 126, ಎಲ್ಲಕ್ಕೂ ಸಾಮಾನ್ಯವಾದವು 19, ಒಟ್ಟು 145.

ಇಷ್ಟನ್ನೂ ಒಂದು ಸ್ಲೈಡರಿನ ಕಿಂಡಿಯಲ್ಲಿ ನೋಡುತ್ತ ತಿದ್ದುವ ತಾಳ್ಮೆ ಎಷ್ಟು ಜನರಿಗಿದ್ದೀತು? ಸಂಗೀತಗಾರ ಬ್ರಯನ್ ಈನೊ ಥರದ ಕೆಲವರು ಪಟ್ಟು ಹಿಡಿದು ಕಲಿತರು. ಬಹುಪಾಲು ವಾದಕರು ಕಾರ್ಖಾನೆಯಿಂದ ಬಂದ ಟೋನುಗಳನ್ನೇ ನುಡಿಸಿದರು. ಎಂಬತ್ತರ ದಶಕದ ಪಾಶ್ಚಾತ್ಯ ಪಾಪ್ ಹಾಡುಗಳಲ್ಲಿ ಅದೇ ಎಲೆಕ್ಟ್ರಿಕ್ ಪಿಯಾನೊ ಮತ್ತೆ ಮತ್ತೆ ಕೇಳಿಬರುವುದಕ್ಕೆ ಇದೂ ಒಂದು ಕಾರಣ. ನನ್ನ ಮಟ್ಟಿಗೆ ಇದು ದೊಡ್ಡ ನಷ್ಟ. ವಾದ್ಯದ ಶಕ್ತಿಗೆ ಮಿತಿಯಿರಲಿಲ್ಲ, ಅದರ ಮುಖ ಮಾತ್ರ ಕಿರಿದಾಗಿತ್ತು.

ಆ ಮುಖವನ್ನು ಬೇರೆ ಕಡೆ ಕಟ್ಟಿಕೊಳ್ಳುವ ದಾರಿಯೂ ಅದೇ ವರ್ಷ ತೆರೆಯಿತು. 1983ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ನ್ಯಾಮ್ ವಾದ್ಯ ಪ್ರದರ್ಶನದಲ್ಲಿ ಸೀಕ್ವೆನ್ಷಿಯಲ್ ಕಂಪನಿಯ ಪ್ರಾಫೆಟ್-600ನ್ನೂ ರೋಲಂಡ್ ಕಂಪನಿಯ ಜುಪಿಟರ್-6ನ್ನೂ ಒಂದು ಕೇಬಲಿನಿಂದ ಜೋಡಿಸಿದರು. ಒಂದರಲ್ಲಿ ಕೀ ಒತ್ತಿದರೆ ಇನ್ನೊಂದು ನುಡಿಯಿತು. ಅದೇ ಮಿಡಿ. ಸೀಕ್ವೆನ್ಷಿಯಲ್‌ನ ಡೇವ್ ಸ್ಮಿತ್ ಮತ್ತು ರೋಲಂಡಿನ ಇಕುತಾರೊ ಕಾಕೆಹಾಶಿ ಮುಂದೆ ನಿಂತು ರೂಪಿಸಿದ ಈ ವ್ಯವಸ್ಥೆಗಾಗಿ ಇಬ್ಬರಿಗೂ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಸಂದಿತು. ಮಿಡಿ ಕೇಬಲಿನಲ್ಲಿ ಹರಿಯುವುದು ಧ್ವನಿಯಲ್ಲ, ಆಜ್ಞೆ. ಯಾವ ಕೀ, ಎಷ್ಟು ಜೋರು, ವಾಲ್ಯೂಮ್ ಎಷ್ಟು ಎಂಬ ಸಂಖ್ಯೆಗಳು ಸೆಕೆಂಡಿಗೆ 31,250 ಬಿಟ್ ವೇಗದಲ್ಲಿ ಸಾಗುತ್ತವೆ. ಪ್ರತಿ ಬೈಟಿನ ಮೊದಲ ಬಿಟ್ ಇದು ಆಜ್ಞೆಯೋ ಮೌಲ್ಯವೋ ಎಂದು ಹೇಳುವುದಕ್ಕೇ ಖರ್ಚಾಗುವುದರಿಂದ ಮೌಲ್ಯಕ್ಕೆ ಉಳಿಯುವುದು ಏಳು ಬಿಟ್. ಸಂಗೀತ ತಂತ್ರಾಂಶಗಳಲ್ಲಿ ಹೋದಲ್ಲೆಲ್ಲ ಎದುರಾಗುವ 0ಯಿಂದ 127ರ ಅಳತೆ ಹುಟ್ಟಿದ್ದು ಇಲ್ಲಿ.

ವಾಲ್ಯೂಮಿನಂಥ ಸಾಮಾನ್ಯ ಸಂಗತಿಗಳಿಗೆ ಎಲ್ಲ ಕಂಪನಿಗಳಿಗೂ ಒಂದೇ ಸಂಖ್ಯೆ ಗೊತ್ತುಮಾಡಿದರು; ವಾಲ್ಯೂಮ್ ಎಂದರೆ 7ನೇ ಕಂಟ್ರೋಲರ್. ಆದರೆ ಒಂದೊಂದು ವಾದ್ಯದ ಒಳಗುಟ್ಟು ಒಂದೊಂದು ಬಗೆ. ಅದಕ್ಕಾಗಿಯೇ ಸಿಸ್ಟಂ ಎಕ್ಸ್‌ಕ್ಲೂಸಿವ್ ಎಂಬ ಸಂದೇಶವನ್ನಿಟ್ಟರು. ಬಳಸುವವರು ಅದನ್ನು ಸಿಸೆಕ್ಸ್ ಎನ್ನುತ್ತಾರೆ. 240ರಿಂದ ಆರಂಭ, 247ರಿಂದ ಮುಕ್ತಾಯ. 240ರ ಬೆನ್ನಿಗೇ ಕಂಪನಿಯ ಗುರುತು: ರೋಲಂಡ್ 65, ಕೋರ್ಗ್ 66, ಯಮಾಹಾ 67. ಮುಂದೆ ಆ ಕಂಪನಿ ತನಗೆ ಬೇಕಾದುದನ್ನು ತುಂಬಿಕೊಳ್ಳಬಹುದು. ಗುರುತು ತನ್ನದಲ್ಲದಿದ್ದರೆ ವಾದ್ಯ ಆ ಸಂದೇಶವನ್ನು ಕಡೆಗಣಿಸುತ್ತದೆ.

ಮಿಡಿ ಕೇಬಲಿನಲ್ಲಿ ಡಿಎಕ್ಸ್7ಕ್ಕೆ 240, 67, 16, 1, 6, 4, 247 ಎಂಬ ಏಳು ಬೈಟ್ ಕಳಿಸಿ ನೋಡಿ. 16 ಎಂಬುದು ‘ಒಂದು ಗುಣವನ್ನು ಬದಲಿಸು, ಮೊದಲ ಚಾನೆಲ್’ ಎಂಬ ಸೂಚನೆ. 1 ಮತ್ತು 6 ಸೇರಿ ಗುಣದ ಸಂಖ್ಯೆ. ಮೌಲ್ಯದ ಒಂದು ಬೈಟಿನಲ್ಲಿ 127ಕ್ಕಿಂತ ದೊಡ್ಡದು ಹಿಡಿಸದ ಕಾರಣ 1ನ್ನು 128 ಎಂದು ಎಣಿಸಿ, ಅದಕ್ಕೆ 6 ಕೂಡಿಸಿ 134 ಎಂದು ಓದಿಕೊಳ್ಳಬೇಕು. 134 ಎಂದರೆ ಅಲ್ಗಾರಿದಂ. 4 ಅದರ ಹೊಸ ಮೌಲ್ಯ. ಕೂಡಲೇ ವಾದ್ಯದ ಪರದೆಯಲ್ಲಿ ಅಲ್ಗಾರಿದಂ 5 ಎಂದು ಮೂಡುತ್ತದೆ. ಕೇಬಲಿನಲ್ಲಿ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ, ಪರದೆಯಲ್ಲಿ ಒಂದರಿಂದ.

ಕಂಪ್ಯೂಟರಿನ ಪರದೆಯ ಮೇಲೆ ನಾವೇ ಕಟ್ಟಿಕೊಳ್ಳುವ ನಿಯಂತ್ರಣ ಫಲಕದ ತಿರುಳು ಇಷ್ಟೇ. ಪರದೆಯಲ್ಲೊಂದು ನಾಬ್ ಬರೆದು, ಅದು ತಿರುಗಿದಾಗ ಇಂಥ ಏಳು ಬೈಟ್ ಹೊರಡುವಂತೆ, ಆರನೆಯದರ ಜಾಗದಲ್ಲಿ ನಾಬಿನ ಮೌಲ್ಯ ಕೂರುವಂತೆ ಮಾಡುವುದು. ಸಂಗೀತ ತಂತ್ರಾಂಶಗಳ ಪೈಕಿ ಕ್ಯೂಬೇಸಿನ ಹಳೆಯ ಆವೃತ್ತಿಗಳ ಮಿಡಿ ಡಿವೈಸ್ ಮ್ಯಾನೇಜರ್, ಕೇಕ್‌ವಾಕಿನ ಸ್ಟುಡಿಯೋವೇರ್, ಲಾಜಿಕ್‌ನ ಎನ್ವಿರಾನ್‌ಮೆಂಟ್ ಎಲ್ಲವೂ ಇದಕ್ಕೆ ಅವಕಾಶ ಕೊಟ್ಟಿದ್ದವು. ಕಂಟ್ರೋಲರ್ (Ctrlr) ಎಂಬ ಮುಕ್ತ ತಂತ್ರಾಂಶ ಇದೇ ಕೆಲಸಕ್ಕೆಂದು ಹುಟ್ಟಿದ್ದು. ಲುವಾ ಭಾಷೆಯಲ್ಲಿ ನಾಲ್ಕು ಸಾಲು ಬರೆಯಲು ಬಂದರೆ ಅದರಲ್ಲಿ ಇನ್ನೂ ದೂರ ಹೋಗಬಹುದು.

ಚಿತ್ರ ಬಿಡಿಸುವುದು ಸುಲಭದ ಭಾಗ. ಕಷ್ಟವಿರುವುದು ಕೈಪಿಡಿಯ ಕೊನೆಯಲ್ಲಿರುವ, ಯಾರೂ ತೆರೆಯದ ಕೋಷ್ಟಕದಲ್ಲಿ. ಡಿಎಕ್ಸ್7ರ ಕೋಷ್ಟಕದಲ್ಲಿ ಆಪರೇಟರುಗಳು ಹಿಂದುಮುಂದಾಗಿವೆ: 0ಯಿಂದ 20ರವರೆಗಿನ ಗುಣಗಳು ಆರನೆಯ ಆಪರೇಟರಿನವು, 105ರಿಂದ 125 ಮೊದಲನೆಯದರವು. ಶ್ರುತಿಯನ್ನು ತುಸುವೇ ಸರಿಸುವ ಡೀಟ್ಯೂನ್ ವಾದ್ಯದ ಮೇಲೆ −7ರಿಂದ +7 ಎಂದು ಕಾಣುತ್ತದೆ, ಕೇಬಲಿನಲ್ಲಿ 0ಯಿಂದ 14 ಆಗಿ ಹೋಗುತ್ತದೆ. ರೋಲಂಡಿನ ಅನೇಕ ವಾದ್ಯಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಸಂದೇಶದ ತುದಿಯಲ್ಲಿ ತಾಳೆಸಂಖ್ಯೆ ಕೇಳುತ್ತವೆ. ವಿಳಾಸದ ಮತ್ತು ಮೌಲ್ಯದ ಬೈಟುಗಳನ್ನು ಕೂಡಿಸಿ, 128ರಿಂದ ಭಾಗಿಸಿ, ಉಳಿದ ಶೇಷವನ್ನು 128ರಲ್ಲಿ ಕಳೆದು ಅದನ್ನು ಪಡೆಯಬೇಕು (ಶೇಷ ಸೊನ್ನೆಯಾದರೆ ತಾಳೆಸಂಖ್ಯೆಯೂ ಸೊನ್ನೆ). ಅದು ತಪ್ಪಿದರೆ ಆ ಸಂದೇಶ ವ್ಯರ್ಥ.

ವೇಗಕ್ಕೂ ಮಿತಿಯಿದೆ. ಆರಂಭ ಮತ್ತು ಅಂತ್ಯದ ಗುರುತು ಸೇರಿ ಒಂದು ಬೈಟಿಗೆ ಹತ್ತು ಬಿಟ್, ಅಂದರೆ ಸೆಕೆಂಡಿಗೆ 3,125 ಬೈಟ್. ಏಳು ಬೈಟಿನ ಸಂದೇಶ ದಾಟಲು ಎರಡು ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಬೇಕು. ಮೌಸ್ ಹಿಡಿದು ನಾಬನ್ನು ರಭಸವಾಗಿ ಎಳೆದರೆ ಸಂದೇಶಗಳ ಪ್ರವಾಹವೇ ಹೊರಡುತ್ತದೆ, ಎಂಬತ್ತರ ದಶಕದ ಪ್ರೊಸೆಸರ್ ಅದನ್ನು ಅರಗಿಸಿಕೊಳ್ಳಲಾರದು. ಒಳ್ಳೆಯ ಫಲಕ ನಡುನಡುವಿನ ಮೌಲ್ಯಗಳನ್ನು ಬಿಟ್ಟು ಕೆಲವನ್ನೇ ಕಳಿಸುತ್ತದೆ.

ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದದ್ದು ವಾಪಸು ಬರುವ ದಾರಿಯ ಬಗ್ಗೆ. ವಾದ್ಯದ ಮೇಲೆ ಬೇರೆ ಟೋನ್ ಆರಿಸಿದಿರಿ ಎನ್ನೋಣ. ಫಲಕದ ನಾಬುಗಳು ಹಳೆಯ ಟೋನಿನ ಜಾಗದಲ್ಲೇ ನಿಂತಿರುತ್ತವೆ. ಒಂದನ್ನು ಮುಟ್ಟಿದ್ದೇ ತಡ, ಮೌಲ್ಯ ಎಲ್ಲಿಂದೆಲ್ಲಿಗೋ ಜಿಗಿದು ಟೋನ್ ಕೆಡುತ್ತದೆ. ಹಾಗಾಗಿ ವಾದ್ಯ ಕಳಿಸುವ ಇಡೀ ಟೋನಿನ ವಿವರವನ್ನು ಫಲಕ ಓದಿಕೊಳ್ಳಬೇಕು. ಡಿಎಕ್ಸ್7ರಲ್ಲಿ ಅದು 163 ಬೈಟುಗಳ ಕಂತೆ: 145 ಗುಣಗಳು, ಹತ್ತಕ್ಷರದ ಹೆಸರು, ಹಿಂದೆಮುಂದೆ ಎಂಟು ಬೈಟ್ ಹೊದಿಕೆ. ಅದನ್ನು ಬಿಡಿಸಿ ಪ್ರತಿ ನಾಬನ್ನೂ ಅದರದರ ಜಾಗಕ್ಕೆ ತಿರುಗಿಸಿದಾಗಲೇ ಫಲಕವನ್ನು ನಂಬಬಹುದು. ಕಳಿಸುವುದನ್ನಷ್ಟೇ ಬಲ್ಲ ಫಲಕವನ್ನು ಅರ್ಧ ಮುಗಿದ ಕೆಲಸವೆಂದೇ ನಾನು ಎಣಿಸುತ್ತೇನೆ.

ಈ ತೊಡಕನ್ನು ಬುಡದಲ್ಲೇ ಬಿಡಿಸಲು 2020ರಲ್ಲಿ ಬಂದ ಮಿಡಿ 2.0 ಹೊರಟಿದೆ. ‘ನಿನ್ನಲ್ಲಿ ಏನೇನಿದೆ’ ಎಂದು ಕಂಪ್ಯೂಟರ್ ಕೇಳಬಹುದು, ವಾದ್ಯ ತನ್ನ ಪಟ್ಟಿಯನ್ನು ತಾನೇ ಒಪ್ಪಿಸಬಹುದು. ಹಳೆಯ ವಾದ್ಯಗಳಿಗೆ ಮಾತ್ರ ಕೈಪಿಡಿಯ ಕೋಷ್ಟಕವೇ ಗತಿ. ಯಮಾಹಾ ಅಂದು ಆ ಕೋಷ್ಟಕವನ್ನು ಬಚ್ಚಿಡದೆ ಕೊಟ್ಟಿದ್ದರಿಂದಲೇ ಡಿಎಕ್ಸ್7ಕ್ಕೆ ಇಂದಿಗೂ ಹೊಸ ಫಲಕಗಳು ಹುಟ್ಟುತ್ತಿವೆ. ಡೆಕ್ಸೆಡ್ ಎಂಬ ಉಚಿತ ತಂತ್ರಾಂಶ ಡಿಎಕ್ಸ್7ರಂತೆ ತಾನೇ ನುಡಿಯುತ್ತದೆ, ನಿಜವಾದ ವಾದ್ಯಕ್ಕೆ ಫಲಕವಾಗಿಯೂ ದುಡಿಯುತ್ತದೆ.

ಸ್ವಂತ ಫಲಕ ಕಟ್ಟಹೊರಟವರು 145ನ್ನೂ ಒಮ್ಮೆಗೇ ಬಿಡಿಸಲು ಹೋಗಬೇಡಿ. ಅಲ್ಗಾರಿದಂ, ಫೀಡ್‌ಬ್ಯಾಕ್, ಆರು ಆಪರೇಟರುಗಳ ಔಟ್‌ಪುಟ್ ಮಟ್ಟ, ಆರರ ಆವರ್ತನದ ಅನುಪಾತ, ಈ 14 ನಾಬುಗಳಲ್ಲೇ ಟೋನಿನ ಬಹುಪಾಲು ಅಡಗಿದೆ. ಆಮೇಲೆ ಬಣ್ಣ ಹಚ್ಚಿ. ಅಲ್ಗಾರಿದಂ 5ರಲ್ಲಿ 1, 3, 5ನೇ ಆಪರೇಟರುಗಳು ಕಿವಿಗೆ ನೇರವಾಗಿ ಕೇಳುವಂಥವು. ಅವುಗಳ ಮಟ್ಟ ಏರಿಸಿದರೆ ಧ್ವನಿ ಜೋರಾಗುತ್ತದೆ. 2, 4, 6 ಅವುಗಳನ್ನು ಆಡಿಸುವಂಥವು. ಅವುಗಳ ಮಟ್ಟ ಏರಿಸಿದರೆ ನಾದ ಹರಿತವಾಗುತ್ತದೆ. ಎರಡು ಗುಂಪಿಗೂ ಬೇರೆ ಬೇರೆ ಬಣ್ಣ ಕೊಟ್ಟು, ಅಲ್ಗಾರಿದಂ ಬದಲಾದಂತೆ ಬಣ್ಣವೂ ಬದಲಾಗುವಂತೆ ಮಾಡಿ. 32ನೆಯದಕ್ಕೆ ಹೋದರೆ ಆರೂ ಒಂದೇ ಬಣ್ಣಕ್ಕೆ ತಿರುಗಬೇಕು, ಏಕೆಂದರೆ ಅಲ್ಲಿ ಯಾವುದೂ ಇನ್ನೊಂದನ್ನು ಆಡಿಸುವುದಿಲ್ಲ. ಆರೂ ನೇರವಾಗಿ ನುಡಿದು ಆರ್ಗನ್ನಿನ ನಾದ ಕೊಡುತ್ತವೆ.