ಕಡಲಾಚೆಯಿಂದ ಕ್ಷೇಮಸಮಾಚಾರ

ನಂಜನಗೂಡಿನಲ್ಲಾಗಲಿ ತಿರುಮಕೂಡಲು ನರಸೀಪುರದಲ್ಲಾಗಲಿ ಪರದೇಶವೆಂಬುದು ಈಗ ಅಪರೂಪದ ಮಾತಾಗಿ ಉಳಿದಿಲ್ಲ. ಮಗ ಅಮೆರಿಕದಲ್ಲಿ, ಮಗಳು ದುಬೈಯಲ್ಲಿ, ತಮ್ಮನ ಸಂಸಾರ ಸಿಂಗಪುರದಲ್ಲಿ ಇರುವ ಮನೆಗಳು ಎರಡು ಊರುಗಳಲ್ಲಿಯೂ ಉಂಟು. ಮಗಳ ಬಾಣಂತನಕ್ಕೆಂದು ಹೊರಡುವ ತಾಯಂದಿರು, ಹಜ್ ಯಾತ್ರೆಗೆ ಹೊರಡುವ ಹಿರಿಯರು, ಶ್ರೀಕಂಠೇಶ್ವರನಿಗೆ ಕೈಮುಗಿದು ಪಶುಪತಿನಾಥನ ದರ್ಶನಕ್ಕೆಂದು ಕಾಠ್ಮಂಡುವಿಗೆ ಹೊರಡುವ ಭಕ್ತರು, ಇವರೆಲ್ಲರೂ ಮೈಸೂರಿಗೆ ಬಂದು, ಅಲ್ಲಿಂದ ಫ್ಲೈಬಸ್ಸನ್ನೋ ಬಾಡಿಗೆ ಕಾರನ್ನೋ ಹಿಡಿದು ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣವನ್ನು ಸೇರುತ್ತಾರೆ. ಪೆಟ್ಟಿಗೆಯಲ್ಲಿ ಹುಳಿಪುಡಿ ಎಷ್ಟಿರಬೇಕು, ಚಟ್ನಿಪುಡಿ ಎಷ್ಟಿರಬೇಕು ಎಂಬುದರ ಲೆಕ್ಕ ತಿಂಗಳ ಮೊದಲೇ ಆಗಿರುತ್ತದೆ. ಫೋನಿನ ವಿಚಾರವನ್ನು ಮಾತ್ರ ವಿಮಾನ ಹತ್ತುವ ಹೊತ್ತಿಗೆ ನೆನೆಸಿಕೊಳ್ಳುವುದು ವಾಡಿಕೆಯಾಗಿದೆ. ಆ ಒಂದು ವಿಚಾರವನ್ನು ಕುರಿತು ನಮ್ಮ ವಾಚಕರಿಗೆ ನಾಲ್ಕು ಮಾತು ಹೇಳಬೇಕೆಂದು ನಮಗೆ ತೋರಿದೆ.

ಹಿಂದಿನವರ ಚಿಂತೆ ಬೇರೆ ಬಗೆಯದಾಗಿತ್ತು. ಪರದೇಶಕ್ಕೆ ಹೋದವರು ಉಭಯಕುಶಲೋಪರಿಯಿಂದ ತೊಡಗಿ ನೀಲಿ ಏರೋಗ್ರಾಮಿನ ಮಡಿಕೆಗಳನ್ನೆಲ್ಲ ತುಂಬಿಸಿ ಟಪಾಲಿಗೆ ಹಾಕುತ್ತಿದ್ದರು; ಅದು ಮನೆ ಮುಟ್ಟುವ ಹೊತ್ತಿಗೆ ಅದರೊಳಗೆ ಬರೆದಿದ್ದ ನೆಗಡಿ ಕೆಮ್ಮುಗಳು ಎಂದೋ ವಾಸಿಯಾಗಿರುತ್ತಿದ್ದವು. ತುರ್ತಾದರೆ ತಂತಿ, ಆ ತಂತಿಯ ಸೇವೆಯೂ 2013ರ ಜುಲೈ ತಿಂಗಳಲ್ಲಿ ನಿಂತುಹೋಯಿತು. ನಡುವೆ ಐ.ಎಸ್.ಡಿ. ಅಂಗಡಿಗಳ ಕಾಲವೊಂದು ಬಂದಿತು. ಗಾಜಿನ ಪುಟ್ಟ ಕೋಣೆಯಲ್ಲಿ ನಿಂತು, ಯಂತ್ರದ ಕೆಂಪು ಅಂಕಿಗಳು ಓಡುವುದನ್ನು ನೋಡುತ್ತಲೇ ಮಗನೊಡನೆ ಮಾತನಾಡಿದವರು ನಮ್ಮ ವಾಚಕರಲ್ಲಿಯೂ ಅನೇಕರಿರಬಹುದು. ಆ ಯಂತ್ರದಲ್ಲಿ ಒಂದು ಉಪಕಾರವಿತ್ತು: ಹಣ ಓಡುವುದು ಕಣ್ಣಿಗೆ ಕಾಣುತ್ತಿತ್ತು. ಈಗಿನ ಫೋನಿನಲ್ಲಿ ಅದು ಕಾಣುವುದಿಲ್ಲ. ಫೋನು ಜೇಬಿನಲ್ಲಿ ಸುಮ್ಮನೆ ಮಲಗಿರುವಾಗಲೂ ಅದರೊಳಗಿನ ಆ್ಯಪ್‌ಗಳು ತಮ್ಮ ಕೆಲಸವನ್ನು ನಡೆಸುತ್ತಲೇ ಇರುತ್ತವೆ. ತೆಗೆದ ಚಿತ್ರಗಳು ತಾವಾಗಿಯೇ ದೂರದ ಉಗ್ರಾಣಕ್ಕೆ ಹೋಗುತ್ತಿರುತ್ತವೆ. ಊರಿನಲ್ಲಿ ಇದು ಯಾರ ಗಮನಕ್ಕೂ ಬಾರದ ಸಂಗತಿ. ಪರದೇಶದಲ್ಲಿ ಇದೇ ದುಂದಿಗೆ ದಾರಿ.

ರೋಮಿಂಗ್ ಎಂಬ ಏರ್ಪಾಡು ಹೇಗೆ ನಡೆಯುವುದೆಂದು ತಿಳಿದುಕೊಂಡರೆ ಇದರ ಕಾರಣ ಸ್ಪಷ್ಟವಾಗುವುದು. ನಮ್ಮ ಊರಿನ ಸಿಮ್ಮನ್ನು ಹಾಕಿಕೊಂಡು ನಾವು ಅಮೆರಿಕದಲ್ಲಿ ಇಳಿದರೆ, ಅಲ್ಲಿಯ ಯಾವುದೋ ಒಂದು ಕಂಪನಿ ತನ್ನ ಗೋಪುರವನ್ನು ನಮಗೆ ಎರವಲು ಕೊಡುತ್ತದೆ. ಅದರ ಬಾಡಿಗೆಯನ್ನು ಆ ಕಂಪನಿ ನಮ್ಮ ಕಂಪನಿಯಿಂದ ವಸೂಲು ಮಾಡುತ್ತದೆ; ನಮ್ಮ ಕಂಪನಿ ನಮ್ಮಿಂದ. ಇದಲ್ಲದೆ, ನಾವು ಅಲ್ಲಿ ಕುಳಿತು ಅಂತರ್ಜಾಲದಲ್ಲಿ ಏನನ್ನು ಹುಡುಕಿದರೂ ಆ ಕೋರಿಕೆ ಸಾಮಾನ್ಯವಾಗಿ ಭಾರತದಲ್ಲಿರುವ ನಮ್ಮ ಕಂಪನಿಯವರೆಗೆ ಬಂದು, ಅಲ್ಲಿಂದ ಹೊರಟು, ಉತ್ತರವನ್ನು ಹೊತ್ತು ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಪಕ್ಕದ ಬೀದಿಯಿಂದ ತರಕಾರಿ ತರಲು ಹೋದವನು ಮೈಸೂರನ್ನು ಸುತ್ತಿಕೊಂಡು ಬಂದ ಹಾಗೆ. ಮುಂಗಡವಾಗಿ ರೋಮಿಂಗ್ ಪ್ಯಾಕ್ ಕೊಳ್ಳದೆ ಡೇಟಾವನ್ನು ತೆರೆದಿಟ್ಟವರಿಗೆ ಈ ಸುತ್ತಾಟವೆಲ್ಲ ಬಿಡಿದರದಲ್ಲಿ ಬೀಳುತ್ತದೆ. ಆದುದರಿಂದ ವಿಮಾನದಲ್ಲಿ ಕುಳಿತ ಕೂಡಲೇ ಮಾಡಬೇಕಾದ ಕೆಲಸವೊಂದುಂಟು: ಫೋನಿನ ಸೆಟ್ಟಿಂಗ್ಸಿನಲ್ಲಿ ಡೇಟಾ ರೋಮಿಂಗ್ ಎಂಬುದನ್ನು ಆರಿಸುವುದು. ಎರಡು ಸಿಮ್ಮುಗಳ ಫೋನಾದರೆ, ಒಂದರ ಡೇಟಾ ನಿಂತಾಗ ಮತ್ತೊಂದಕ್ಕೆ ತಾನಾಗಿ ಹಾರುವ ಏರ್ಪಾಡು ಕೆಲವು ಫೋನುಗಳಲ್ಲಿ ಇರುತ್ತದೆ, ಅದನ್ನೂ ಆರಿಸಬೇಕು. ವಿಮಾನದಲ್ಲಿಯೂ ಹಡಗಿನಲ್ಲಿಯೂ ಬೇರೆಯದೇ ಒಂದು ಜಾಲ ಫೋನನ್ನು ಹಿಡಿದುಕೊಳ್ಳಬಹುದು. ಅದರ ದರ ಸಾಮಾನ್ಯ ಪ್ಯಾಕುಗಳಿಗೆ ಸೇರಿರುವುದಿಲ್ಲ. ಆಕಾಶದಲ್ಲಿರುವಷ್ಟು ಹೊತ್ತು ಫೋನು ಫ್ಲೈಟ್ ಮೋಡಿನಲ್ಲಿಯೇ ಇರಲಿ.

ಹಾಗೆಂದ ಮಾತ್ರಕ್ಕೆ ರೋಮಿಂಗನ್ನು ಸಂಪೂರ್ಣವಾಗಿ ದೂರವಿಡಬೇಕೆಂದು ನಾವು ಹೇಳುವುದಿಲ್ಲ. ಅಗ್ಗವೆಂಬುದನ್ನು ನಮ್ಮ ಮನೆಗಳಲ್ಲಿ ಎಲ್ಲ ಹೊತ್ತಿಗೂ ಒಂದೇ ಅಳತೆಯಿಂದ ನೋಡುವ ರೂಢಿ ಇದೆ, ಅದು ಸರಿಯಲ್ಲ. ಅರುವತ್ತೈದು ದಾಟಿದ ದಂಪತಿಗಳು, ಇಂಗ್ಲಿಷು ಅಷ್ಟಕ್ಕಷ್ಟೆ, ಮೊದಲನೆಯ ಸಲ ಪರದೇಶದಲ್ಲಿ ಇಳಿಯುತ್ತಿದ್ದಾರೆಂದು ಭಾವಿಸೋಣ. ಪೆಟ್ಟಿಗೆ ಬಂದಿಲ್ಲ, ಅಥವಾ ಮಗ ಒಂದು ಬಾಗಿಲಲ್ಲಿ ಕಾಯುತ್ತಿದ್ದರೆ ಇವರು ಮತ್ತೊಂದು ಬಾಗಿಲಿನಿಂದ ಹೊರಗೆ ಬಂದಿದ್ದಾರೆ. ನಿಲ್ದಾಣದ ವೈಫೈ ಧರ್ಮಕ್ಕೆ ದೊರೆಯುವುದೇನೋ ನಿಜ. ಆದರೆ ಕೆಲವು ಕಡೆ ಅದನ್ನು ತೆರೆಯುವುದಕ್ಕೆ ಫೋನಿಗೆ ಬರುವ ಗುಟ್ಟಿನ ಅಂಕಿ ಬೇಕು, ಇಲ್ಲವೆ ಇಂಗ್ಲಿಷಿನಲ್ಲಿ ಉದ್ದದ ನಮೂನೆಯೊಂದನ್ನು ತುಂಬಬೇಕು. ಆ ಒಂದು ಗಂಟೆಯಲ್ಲಿ, “ಅಮ್ಮ, ಅಲ್ಲೇ ನಿಂತಿರಿ, ನಾನೇ ಬರುತ್ತೇನೆ” ಎಂಬ ಮಗನ ಮಾತು ಕಿವಿಗೆ ಬೀಳುವುದಕ್ಕೆ ಎಷ್ಟು ಕೊಟ್ಟರೂ ಹೆಚ್ಚಲ್ಲ. ಒಂದು ದಿನಕ್ಕೋ ಕೆಲವು ದಿನಕ್ಕೋ ಸಣ್ಣ ರೋಮಿಂಗ್ ಪ್ಯಾಕನ್ನು ಹೊರಡುವ ಮುನ್ನ ಊರಿನಲ್ಲಿಯೇ ಕೊಂಡು, ಆ ಅವಧಿಯಲ್ಲಿ ಮಾತ್ರ ಡೇಟಾ ರೋಮಿಂಗನ್ನು ತೆರೆದು, ಮಗನ ಮನೆ ಸೇರಿದ ಮೇಲೆ ಆರಿಸಿಬಿಡುವುದೇ ಉತ್ತಮವೆಂಬುದು ನಮ್ಮ ಅಭಿಪ್ರಾಯ. ಮೊದಲನೆಯ ದಿನಕ್ಕೆ ಖರ್ಚು ಮಾಡಬೇಕು. ಉಳಿಸುವುದೇನಿದ್ದರೂ ಆಮೇಲಿನ ದಿನಗಳಲ್ಲಿ.

ಆಮೇಲಿನ ದಿನಗಳಿಗೆ ಆ ದೇಶದ ಸಿಮ್ಮೇ ಅಗ್ಗ. ಅಲ್ಲಿಯವರು ಕೊಡುವ ದರಕ್ಕೆ ನಮಗೂ ಡೇಟಾ ದೊರೆಯುತ್ತದೆ. ಈಚೆಗೆ ಇ-ಸಿಮ್ ಎಂಬುದು ಬಂದಿದೆ. ಇದು ಬೆರಳ ತುದಿಯಲ್ಲಿ ಹಿಡಿದು ಫೋನಿನೊಳಕ್ಕೆ ತೂರಿಸುವ ಚೂರಲ್ಲ. ಫೋನಿನೊಳಗೆ ಮೊದಲೇ ಕೂಡಿಸಿರುವ ಒಂದು ಚಿಪ್ಪಿಗೆ ಕಂಪನಿಯ ವಿವರವನ್ನು ಅಂತರ್ಜಾಲದ ಮೂಲಕ ಬರೆಯಿಸಿಕೊಳ್ಳುವ ಕ್ರಮ. ಚೌಕಾಕಾರದ ಕಪ್ಪುಬಿಳುಪಿನ ಗುರುತೊಂದನ್ನು ಫೋನಿನ ಕ್ಯಾಮೆರಾಕ್ಕೆ ತೋರಿಸಿದರೆ ಕೆಲಸ ಮುಗಿಯಿತು. ಊರಿನ ಸಿಮ್ಮು ತನ್ನ ಜಾಗದಲ್ಲಿಯೇ ಇರುತ್ತದೆ. ಮನೆಯ ವೈಫೈ ಇರುವಾಗಲೇ ಇದನ್ನು ಮಾಡಿಕೊಂಡು ಹೊರಡಬಹುದು. ಆದರೆ ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಪರದೇಶದ ಸಿಮ್ಮುಗಳನ್ನು ಭಾರತದಲ್ಲಿ ಮಾರುವವರು ಕೇಂದ್ರದ ದೂರಸಂಪರ್ಕ ಇಲಾಖೆಯ ಒಪ್ಪಿಗೆಯನ್ನು ಪಡೆದಿರಬೇಕೆಂಬ ನಿಯಮವುಂಟು. ಆ ಒಪ್ಪಿಗೆಯಿಲ್ಲವೆಂಬ ಕಾರಣಕ್ಕೆ 2024ರ ಜನವರಿಯಲ್ಲಿ ಏರಲೋ, ಹೋಲಾಫ್ಲೈ ಎಂಬ ಎರಡು ಹೆಸರಾಂತ ಇ-ಸಿಮ್ ಆ್ಯಪ್‌ಗಳು ಭಾರತದ ಆ್ಯಪ್ ಭಂಡಾರಗಳಿಂದ ತೆಗೆಯಲ್ಪಟ್ಟವು. ಮಕ್ಕಳು ಆ ದೇಶದಲ್ಲಿಯೇ ಇರುವವರಾದರೆ ಅಲ್ಲಿಯ ಸಿಮ್ಮನ್ನು ಅವರಿಂದಲೇ ತರಿಸಿಡುವುದು ಎಲ್ಲಕ್ಕಿಂತಲೂ ಸುಲಭ.

ಡೇಟಾದ ವಿಚಾರ ಇಷ್ಟಾದರೆ, ಅದಕ್ಕಿಂತಲೂ ಹೆಚ್ಚು ಯೋಚಿಸಬೇಕಾದುದು ಊರಿನ ನಂಬರಿನ ವಿಚಾರ. ಪ್ಯಾಕಿನ ದರದಲ್ಲಿ ನೂರಿನ್ನೂರು ಹೆಚ್ಚುಕಡಿಮೆಯಾದರೆ ಸಂಸಾರವೇನೂ ಮುಳುಗುವುದಿಲ್ಲ. ನಂಬರು ಹೋದರೆ ಮುಳುಗಬಹುದು. ಬ್ಯಾಂಕಿನ ಓಟಿಪಿ ಬರುವುದು ಆ ನಂಬರಿಗೆ. ಆಧಾರಕ್ಕೆ ಜೋಡಿಸಿರುವುದು ಅದನ್ನೇ. ನಂಜನಗೂಡಿನ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದು, ಅಮೆರಿಕದಲ್ಲಿರುವ ಯಜಮಾನರು ಹಣ ಕಳುಹಿಸಲು ಕುಳಿತಾಗ, ಆ ಆರು ಅಂಕಿಗಳು ಬರಬೇಕಾದ ಸಿಮ್ಮು ದೇವರ ಮನೆಯ ಗೂಡಿನಲ್ಲಿ ಕುಂಕುಮದ ಭರಣಿಯ ಪಕ್ಕದಲ್ಲಿದ್ದರೆ ಏನಾಗುವುದೆಂಬುದನ್ನು ವಾಚಕರೇ ಊಹಿಸಬಹುದು.

90 ದಿನಗಳ ಕಾಲ ಯಾವ ಬಳಕೆಯೂ ಇಲ್ಲದ ನಂಬರನ್ನು ಕಂಪನಿ ನಿಲ್ಲಿಸಿಬಿಡಬಹುದು. ಬಾಣಂತನಕ್ಕೆ ಹೋದವರು ಇರುವುದು ಐದಾರು ತಿಂಗಳು. ನಿಂತುಹೋದ ನಂಬರು ಮುಂದೆ ಬೇರೊಬ್ಬರ ಪಾಲಾಗುತ್ತದೆ. 90 ದಿನಗಳವರೆಗೆ ಹಾಗೆ ಕೊಡುವುದಿಲ್ಲವೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2023ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತು. ಎಂದರೆ, ಆ ಗಡುವು ಕಳೆದ ಮೇಲೆ ನಮ್ಮ ಬ್ಯಾಂಕಿನ ಸಂದೇಶ ಯಾರೋ ಅಪರಿಚಿತರ ಕೈ ಸೇರುವ ಸಂಭವವುಂಟು. ಇದನ್ನು ತಪ್ಪಿಸುವುದು ಕಷ್ಟವಲ್ಲ. ಊರಿನ ಸಿಮ್ಮು ಫೋನಿನಲ್ಲಿಯೇ ಇರಲಿ. ಹೊರಡುವ ಮುನ್ನ ಅದಕ್ಕೆ ಅಂತಾರಾಷ್ಟ್ರೀಯ ರೋಮಿಂಗ್ ಸೌಲಭ್ಯವನ್ನು ತೆರೆಸಿಟ್ಟು, ಡೇಟಾವನ್ನು ಮಾತ್ರ ಆರಿಸಿದರೆ ಸಾಕು. ಬರುವ ಸಂದೇಶಕ್ಕೆ ಸಾಮಾನ್ಯವಾಗಿ ಹಣವಿಲ್ಲ. ಬರುವ ಕರೆಯನ್ನು ಎತ್ತಿದರೆ ಮಾತ್ರ ಹಣ, ಆದಕಾರಣ “ಎಲ್ಲಿದ್ದೀರಿ ಭಾವ?” ಎಂದು ಊರಿನಿಂದ ನೇರವಾಗಿ ಕರೆಯುವವರಿಗೆ ಮೊದಲೇ ಹೇಳಿರಬೇಕು. ಆಗಾಗ ಆ ನಂಬರಿನಿಂದ ಒಂದು ಸಂದೇಶವನ್ನು ಕಳುಹಿಸುತ್ತಿದ್ದರೆ ಬಳಕೆಯೂ ಆದಂತಾಗುತ್ತದೆ. ರೀಚಾರ್ಜನ್ನು ಊರಿನಲ್ಲಿರುವ ಯಾರು ಬೇಕಾದರೂ ಮಾಡಿಕೊಡಬಹುದು. ಡೇಟಾ ಬೇಡದವರಿಗೆ ಕರೆ ಮತ್ತು ಸಂದೇಶಗಳಿಗಷ್ಟೇ ಸಲ್ಲುವ, 365 ದಿನಗಳವರೆಗೂ ನಡೆಯಬಹುದಾದ ಪ್ಯಾಕುಗಳನ್ನು ಕಂಪನಿಗಳು ಕೊಡಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ಪರದೇಶದಲ್ಲಿದ್ದುಕೊಂಡು ಊರಿನ ಡೇಟಾಕ್ಕೆ ತಿಂಗಳು ತಿಂಗಳೂ ಹಣ ಕಟ್ಟುವವರು ಇದನ್ನು ಕೇಳಿ ನೋಡಬೇಕು.

ವಾಟ್ಸಾಪಿನ ಸಂಬಂಧವಾಗಿಯೂ ಒಂದು ಮಾತು. ಹೊಸ ಸಿಮ್ಮನ್ನು ಹಾಕಿದಾಗ ನಂಬರನ್ನು ಬದಲಿಸುವಿರಾ ಎಂದು ಅದು ಕೇಳಿದರೆ ಬೇಡವೆನ್ನಬೇಕು. ಡೇಟಾ ಯಾವ ದೇಶದ್ದಾದರೂ ಹಳೆಯ ನಂಬರಿನಲ್ಲಿಯೇ ಅದು ನಡೆಯುತ್ತದೆ. 2025ರ ನವೆಂಬರಿನಲ್ಲಿ ದೂರಸಂಪರ್ಕ ಇಲಾಖೆಯು, ಇಂಥ ಆ್ಯಪ್‌ಗಳು ನಡೆಯಬೇಕಾದರೆ ಅವುಗಳಿಗೆ ನೋಂದಾಯಿಸಿದ ಸಿಮ್ಮು ಆ ಫೋನಿನಲ್ಲಿರಬೇಕೆಂದು ಆದೇಶ ಮಾಡಿತು. ಸಿಮ್ಮನ್ನು ತೆಗೆದು ಡಬ್ಬಿಯಲ್ಲಿಡದಿರುವುದಕ್ಕೆ ಇದು ಇನ್ನೊಂದು ಕಾರಣ.

ದೇಶದಿಂದ ದೇಶಕ್ಕೆ ರೀತಿ ಬೇರೆ. ನೇಪಾಳಕ್ಕೆ ನಮ್ಮವರು ಮತದಾರರ ಗುರುತಿನ ಚೀಟಿಯೊಂದನ್ನೇ ಹಿಡಿದು ಹೋಗಬಹುದಾದುದರಿಂದ ಅದು ಪರದೇಶವೆಂಬುದೇ ಅನೇಕರಿಗೆ ಮರೆತುಹೋಗುತ್ತದೆ. ಫೋನು ಮಾತ್ರ ಮರೆಯುವುದಿಲ್ಲ. ಗಡಿ ದಾಟಿದೊಡನೆ ರೋಮಿಂಗ್ ಲೆಕ್ಕ ಆರಂಭವಾಗುತ್ತದೆ. ಅಲ್ಲಿ ನೇಪಾಳ ಟೆಲಿಕಾಂ ಅಥವಾ ಎನ್‌ಸೆಲ್ ಸಿಮ್ಮನ್ನು ಕೊಳ್ಳಬಹುದು. ಗುರುತಿನ ಚೀಟಿಯೂ ಭಾವಚಿತ್ರವೂ ಕೈಯಲ್ಲಿರಲಿ. ಸೌದಿ ಅರೇಬಿಯದಲ್ಲಿ ಸಿಮ್ಮಿಗೆ ಬೆರಳಚ್ಚು ಕೊಡಬೇಕೆಂಬ ನಿಯಮ 2016ರಲ್ಲಿ ಬಂದಿತು. ಆದಕಾರಣ ಹಜ್‌ಗೆ ಹೋಗುವ ಹಿರಿಯರು ಪಾಸ್‌ಪೋರ್ಟನ್ನು ಹಿಡಿದು ಅಂಗಡಿಗೆ ತಾವೇ ಹೋಗಲು ಸಿದ್ಧರಿರಬೇಕು. ದುಬೈ ಸೇರಿದ ಅರಬ್ ಸಂಯುಕ್ತ ಸಂಸ್ಥಾನದಲ್ಲಿ ವಾಟ್ಸಾಪಿನ ಅಕ್ಷರ ಸಂದೇಶ ಹೋಗುತ್ತದೆ, ಮಾತಿಗೆ ಬಹುಕಾಲದಿಂದಲೂ ತಡೆ. ಕರೆ ಬರಲಿಲ್ಲವೆಂದು ಊರಿನವರು ಗಾಬರಿಯಾಗಬೇಕಾಗಿಲ್ಲ. ಯೂರೋಪಿನ ಒಕ್ಕೂಟದಲ್ಲಿ 2017ರ ಜೂನ್ 15ರಿಂದ ಒಂದು ದೇಶದ ಸಿಮ್ಮು ಮತ್ತೊಂದರಲ್ಲಿ ಹೆಚ್ಚಿನ ದರವಿಲ್ಲದೆ ನಡೆಯುತ್ತಿದೆ, 2032ರವರೆಗೆ ನಡೆಯುವಂತೆ ಕಾನೂನೂ ಆಗಿದೆ. ಸ್ವಿಟ್ಜರ್ಲೆಂಡ್ ಆ ಒಕ್ಕೂಟಕ್ಕೆ ಸೇರಿಲ್ಲ! ಪ್ಯಾರಿಸ್ಸಿನಲ್ಲಿ ಕೊಂಡ ಸಿಮ್ಮು ಹಿಮದ ಬೆಟ್ಟದ ಮೇಲೆ ಹಣ ತಿನ್ನತೊಡಗಿದರೆ ಆಶ್ಚರ್ಯವಿಲ್ಲ.

ಎಷ್ಟು ಡೇಟಾ ಕೊಳ್ಳಬೇಕೆಂಬ ಪ್ರಶ್ನೆಗೆ ಉತ್ತರ ಮನೆಯ ಅಭ್ಯಾಸದಲ್ಲಿದೆ. ವಾಟ್ಸಾಪಿನಲ್ಲಿ ಮಾತು ಮಾತ್ರ ಆಡಿದರೆ ನಿಮಿಷಕ್ಕೆ ಹೆಚ್ಚುಕಡಿಮೆ ಅರ್ಧ ಎಂ.ಬಿ. ಹೋಗುತ್ತದೆ, ಮುಖ ನೋಡಿಕೊಂಡು ಆಡಿದರೆ ಸುಮಾರು ಅದರ ಹತ್ತು ಪಾಲು. ಸಿನಿಮಾ ನೋಡುವುದಾದರೆ ಗಂಟೆಗೆ ಒಂದು ಜಿ.ಬಿ. ಎಂದು ಲೆಕ್ಕ ಹಾಕಬಹುದು. ಮೊಮ್ಮಗುವಿನ ಮುಖವನ್ನು ತೋರಿಸುವುದು ಮನೆಯ ವೈಫೈಯಲ್ಲಿ, ಬೀದಿಯಲ್ಲಿ ಬರಿಯ ಮಾತು ಎಂದು ಇಟ್ಟುಕೊಂಡರೆ ಸಣ್ಣ ಪ್ಯಾಕು ತಿಂಗಳು ಪೂರ್ತಿ ಬರುತ್ತದೆ. ಊರಿನ ನಕ್ಷೆಯನ್ನು ವೈಫೈಯಲ್ಲಿ ಮೊದಲೇ ಇಳಿಸಿಟ್ಟುಕೊಂಡರೆ ದಾರಿ ಹುಡುಕುವುದಕ್ಕೆ ಡೇಟಾ ಬೇಕಾಗುವುದಿಲ್ಲ.

ಹಣವಿದ್ದರೂ ಜಾಲವೇ ಇಲ್ಲದಂಥ ಹೊತ್ತೂ ಬರಬಹುದು. 2023ರ ಏಪ್ರಿಲಿನಲ್ಲಿ ಸೂಡಾನಿನಲ್ಲಿ ಯುದ್ಧ ಹೊತ್ತಿಕೊಂಡಾಗ, ಗಿಡಮೂಲಿಕೆಗಳ ವ್ಯಾಪಾರಕ್ಕೆಂದು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಜನಾಂಗದ 30ಕ್ಕೂ ಹೆಚ್ಚು ಮಂದಿ ಅಲ್ಲಿ ಸಿಕ್ಕಿಕೊಂಡರು. ಅವರಲ್ಲಿ ನಮ್ಮ ಜಿಲ್ಲೆಯ ಹುಣಸೂರು ತಾಲ್ಲೂಕಿನವರೂ ಇದ್ದರು. ಅನ್ನ ನೀರಿಲ್ಲದ ಅವರ ಪಾಡು ಊರಿಗೆ ತಿಳಿದುದು ಫೋನಿನಿಂದ. ಆ ದಿನಗಳಲ್ಲಿ ಅಲ್ಲಿಯ ಅಂತರ್ಜಾಲವೂ ಕಡಿದುಬೀಳುತ್ತಿತ್ತು. ಕಡೆಗೆ ಭಾರತ ಸರ್ಕಾರ ಅಲ್ಲಿಂದ ನಮ್ಮವರನ್ನು ಬಿಡಿಸಿ ತಂದ ಕಾರ್ಯಕ್ಕೆ, ನರಸೀಪುರದ ಸಂಗಮದಲ್ಲಿ ಕಪಿಲೆಯನ್ನು ಕೂಡಿಕೊಳ್ಳುವ ನದಿಯ ಹೆಸರನ್ನೇ ಇಟ್ಟು ಆಪರೇಷನ್ ಕಾವೇರಿ ಎಂದು ಕರೆಯಿತು. ಇಂಥ ಹೊತ್ತಿಗೆ ಬೇಕಾಗುವುದು ಕಾಗದದ ಚೂರು: ಆ ದೇಶದಲ್ಲಿರುವ ಭಾರತದ ರಾಯಭಾರ ಕಚೇರಿಯ ಫೋನ್ ನಂಬರು, ಇಳಿದುಕೊಳ್ಳುವ ಮನೆಯ ವಿಳಾಸ, ಊರಿನಲ್ಲಿರುವ ಒಬ್ಬರ ನಂಬರು. ಇವನ್ನು ಕೈಬರಹದಲ್ಲಿ ಬರೆದು ಪಾಸ್‌ಪೋರ್ಟಿನೊಡನೆ ಇಟ್ಟು, ಇನ್ನೊಂದು ಪ್ರತಿಯನ್ನು ಮನೆಯ ಕ್ಯಾಲೆಂಡರಿನ ಹಿಂದೆ ಅಂಟಿಸಿ ಹೊರಡಬೇಕು.

ಹಿಂದಿರುಗುವಾಗ ಮಕ್ಕಳು ಪ್ರೀತಿಯಿಂದ ಹೊಸ ಐಫೋನನ್ನು ಕೊಟ್ಟು ಕಳುಹಿಸುವುದುಂಟು. 2022ರಲ್ಲಿ ಬಂದ ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರುವ ಐಫೋನುಗಳಲ್ಲಿ ಸಿಮ್ಮನ್ನು ತೂರಿಸುವ ಕಿಂಡಿಯೇ ಇಲ್ಲ. ಅವು ಇ-ಸಿಮ್ಮಿನಿಂದ ಮಾತ್ರ ನಡೆಯುತ್ತವೆ. ಅಂಥದನ್ನು ತಂದವರು ಹಳೆಯ ಫೋನನ್ನು ಕೂಡಲೇ ಯಾರಿಗೂ ದಾನ ಮಾಡದೆ, ತಮ್ಮ ಊರಿನ ಸಿಮ್ಮನ್ನು ಕಂಪನಿಯ ಮೂಲಕ ಇ-ಸಿಮ್ಮಾಗಿ ಬದಲಾಯಿಸಿಕೊಳ್ಳುವವರೆಗೆ ಅದನ್ನು ಕಾಪಾಡಿಕೊಳ್ಳಬೇಕು. ಮಗ ಕೊಡಿಸಿದ ಫೋನು ಕಂಪನಿಯ ಕಂತಿಗೆ ಬಿಗಿದಿರುವುದೋ ಅಲ್ಲವೋ ಎಂಬುದನ್ನೂ ಅಲ್ಲಿಯೇ ಕೇಳಿ ತಿಳಿಯಬೇಕು. ಬೀಗ ತೆಗೆಸದ ಫೋನು ನಂಜನಗೂಡಿನಲ್ಲಿ ಬರಿಯ ಕ್ಯಾಮೆರಾ.