ಮಕರಕ್ಕೆ ಮರಿಯಿಲ್ಲ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ತಳಭಾಗವನ್ನು ಸುತ್ತುವರಿದಿರುವ ಪಟ್ಟಿಕೆಗಳಲ್ಲಿ, ಅಂದರೆ ಒಂದರ ಮೇಲೊಂದರಂತೆ ಅಡ್ಡಲಾಗಿ ಸಾಗುವ ಕಿರಿದಾದ ಶಿಲ್ಪಸಾಲುಗಳಲ್ಲಿ, ಎಲ್ಲಕ್ಕಿಂತ ಕೆಳಗೆ ಆನೆಗಳೂ ಅವುಗಳ ಮೇಲೆ ಸಿಂಹಗಳೂ ಇದ್ದು, ಬಳ್ಳಿಸುರುಳಿ, ಕುದುರೆ ಸವಾರರು ಮತ್ತು ಪುರಾಣಕಥನದ ಸಾಲುಗಳನ್ನು ದಾಟಿದ ಮೇಲೆ ಮಕರ, ಹಂಸಗಳು ಕಾಣಿಸಿಕೊಳ್ಳುತ್ತವೆ. 2023ರಲ್ಲಿ ಬೇಲೂರು ಮತ್ತು ಸೋಮನಾಥಪುರದ ದೇವಾಲಯಗಳೊಂದಿಗೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಗುಡಿಗೆ ಪ್ರವಾಸ ಬರುವ ಶಾಲಾ ಮಕ್ಕಳು ಇಲ್ಲಿ ಕೇಳುವುದು ಬಹುಪಾಲು ಅರಸರ ಹೆಸರುಗಳನ್ನು. ಆದರೆ ಅಳಿವಿನಂಚಿನ ಪ್ರಾಣಿಗಳ ಪಾಠವನ್ನು ಆರಂಭಿಸಲು ಹಾಸನ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಕಪ್ಪುಹಲಗೆ ಸಿಗುವುದು ಕಷ್ಟ.

ಆನೆಯ ಸೊಂಡಿಲು, ಮೊಸಳೆಯ ಬಾಯಿ, ಸಿಂಹದ ಕಾಲು, ನವಿಲಿನ ಗರಿ ಎಂದು ಮಾರ್ಗದರ್ಶಿಗಳು ಬಿಡಿಸಿ ತೋರಿಸುವ ಮಕರವು ಕಲ್ಪನೆಯ ಪ್ರಾಣಿಯಾದ್ದರಿಂದ ಅದಕ್ಕೆ ಮರಿಯಿಲ್ಲ, ಮೇವಿಲ್ಲ, ಅಳಿವೂ ಇಲ್ಲ. ಸಿಂಹ ನಿಜವಾದದ್ದೇ ಆದರೂ ಇಂದು ಭಾರತದಲ್ಲಿ ಅದು ಕಾಡಿನಲ್ಲಿ ಉಳಿದಿರುವುದು ಗುಜರಾತಿನ ಗಿರ್ ಮತ್ತು ಅದರ ಆಸುಪಾಸಿನಲ್ಲಿ ಮಾತ್ರ. ಆನೆಯೋ ಬೇಲೂರು ತಾಲ್ಲೂಕಿನ ಬಿಕ್ಕೋಡು, ಅರೇಹಳ್ಳಿ ಕಡೆಯ ಕಾಫಿ ತೋಟಗಳಲ್ಲಿ ಮರಿಗಳ ಸಮೇತ ಬೀಡುಬಿಡುವ ಪ್ರಾಣಿ. ಆ ಭಾಗದ ಮಗುವಿಗೆ ಆನೆಯೆಂದರೆ ತುಳಿದ ಗದ್ದೆ, ಮುರಿದ ಬೇಲಿ, ಶಾಲೆಗೆ ಹೋಗುವಾಗ ಹೆದರಿಸುವ ದಾರಿ. ಅಂಥ ಮಗುವಿಗೆ ಆನೆ ಅಳಿವಿನಂಚಿನಲ್ಲಿದೆ ಎಂದು ಹೇಳಿದರೆ ಅದು ನಂಬದಿರುವುದೇ ಸಹಜ. 2023ರ ಗಣತಿಯ ಅಂದಾಜಿನಂತೆ ಕರ್ನಾಟಕದಲ್ಲಿ 6,395 ಆನೆಗಳಿದ್ದು, ದೇಶದಲ್ಲೇ ಅದು ಅತಿ ಹೆಚ್ಚು ಎಂಬ ಅಂಶ ಶಿಕ್ಷಕರ ಕೆಲಸವನ್ನು ಇನ್ನಷ್ಟು ಕಠಿಣಗೊಳಿಸುತ್ತದೆ. ಇಲ್ಲಿ ನೆರವಿಗೆ ಬರುವುದು ಜೀವನಚಕ್ರ, ಅಂದರೆ ಹುಟ್ಟಿನಿಂದ ಮುಂದಿನ ಪೀಳಿಗೆಯ ಹುಟ್ಟಿನವರೆಗಿನ ಹಂತಗಳ ಲೆಕ್ಕ: ಹೆಣ್ಣಾನೆ ಸುಮಾರು 20ರಿಂದ 22 ತಿಂಗಳು ಗರ್ಭ ಧರಿಸಿ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ, ಮುಂದಿನ ಮರಿಗೆ ನಾಲ್ಕೈದು ವರ್ಷ ಬೇಕು, ಹೀಗಿರುವಾಗ ವಿದ್ಯುತ್ ತಂತಿಗೆ ಸಿಕ್ಕಿ ಸತ್ತ ಒಂದು ತಾಯಿಯ ಸ್ಥಾನ ತುಂಬಲು ಹಿಂಡಿಗೆ ಎಷ್ಟು ಕಾಲ ಹಿಡಿಯುತ್ತದೆಂಬುದನ್ನು ಐದನೆಯ ತರಗತಿಯ ಮಗುವೂ ಕೂಡಿ ಹೇಳಬಲ್ಲದು.

ಇಂಥ ಪಾಠಕ್ಕೆ ಸಾಂಸ್ಥಿಕ ನೆಲೆಗಳೂ ಇವೆ. ಕೇಂದ್ರ ಪರಿಸರ ಸಚಿವಾಲಯವು 2001–02ರಲ್ಲಿ ಆರಂಭಿಸಿದ ರಾಷ್ಟ್ರೀಯ ಹಸಿರು ಪಡೆಯ ಅಡಿಯಲ್ಲಿ ಶಾಲೆಗಳಲ್ಲಿ ಇಕೋ ಕ್ಲಬ್‌ಗಳು ನಡೆಯುತ್ತವೆ. ಅಕ್ಟೋಬರ್ 2ರಿಂದ 8ರವರೆಗಿನ ವನ್ಯಜೀವಿ ಸಪ್ತಾಹವಂತೂ ಪ್ರಬಂಧ, ಚಿತ್ರಸ್ಪರ್ಧೆಗಳಲ್ಲೇ ಮುಗಿದುಹೋಗುವುದು ಹೆಚ್ಚು. ಇವೆರಡಕ್ಕಿಂತ ಗಮನಾರ್ಹವಾದದ್ದು ಕರ್ನಾಟಕ ಅರಣ್ಯ ಇಲಾಖೆಯ ‘ಚಿಣ್ಣರ ವನದರ್ಶನ’. ಸರ್ಕಾರಿ ಶಾಲೆಗಳ ಮಕ್ಕಳನ್ನು ಕಾಡಿಗೇ ಕರೆದೊಯ್ದು, ಅಲ್ಲಿನ ಗಿಡಮರ, ಪ್ರಾಣಿಪಕ್ಷಿಗಳನ್ನು ಪರಿಚಯಿಸುವ ಈ ಕಾರ್ಯಕ್ರಮದಲ್ಲಿ ಪುಸ್ತಕದ ಚಿತ್ರಕ್ಕೆ ಬದಲಾಗಿ ಹೆಜ್ಜೆಗುರುತು, ಲದ್ದಿ, ಕಾಡಿನ ವಾಸನೆಗಳೇ ಪಠ್ಯವಾಗುತ್ತವೆ.

ಹೀಗೆ ಕಾಡಿನಲ್ಲೇ ಓದಬಹುದಾದ ಇನ್ನೊಂದು ಪ್ರಾಣಿ ಕರಡಿ. ಬೇಲೂರಿನ ಮಲೆನಾಡ ಅಂಚಿನಿಂದ ಪೂರ್ವಕ್ಕೆ ಸರಿದರೆ ಸಿಗುವ ಅರಸೀಕೆರೆಯು ತೆಂಗಿನ ಸೀಮೆ. ಇಲ್ಲಿನ ಹಿರೇಕಲ್ ಗುಡ್ಡದಂಥ ಬಂಡೆಗಳ ಒಣ ಕುರುಚಲು ಕಾಡು ಕರಡಿಯ ನೆಲೆಯಾಗಿದ್ದು, ಅರಸೀಕೆರೆ ಕರಡಿಧಾಮವೂ ಈ ಪ್ರಾಣಿಗಾಗಿಯೇ ರೂಪುಗೊಂಡಿದೆ. ಭಾರತ ಉಪಖಂಡದ ಆಚೆ ಕಾಣಸಿಗದ ಈ ಜಾತಿಯ ಕರಡಿಯು, ಜೀವಿಗಳ ಅಳಿವಿನ ಅಪಾಯವನ್ನು ವರ್ಗೀಕರಿಸುವ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ‘ಅಪಾಯಕ್ಕೀಡಾಗಬಹುದಾದ’ ವರ್ಗದಲ್ಲಿದೆ. ಅಂದರೆ ಆನೆ ಇರುವ ‘ಅಳಿವಿನಂಚಿನ’ ವರ್ಗಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಆತಂಕ. ಬೇಸಿಗೆ ಮತ್ತು ಮುಂಗಾರಿನ ನಡುವೆ ಜೋಡಿಗೂಡುವ ಕರಡಿಯು ಚಳಿಗಾಲದ ಹೊತ್ತಿಗೆ ಬಂಡೆಗಳ ಪೊಟರೆಯಲ್ಲಿ ಒಂದೆರಡು ಮರಿ ಹಾಕುತ್ತದೆ. ಕಣ್ಣು ಬಿಡಲು ಮೂರ್ನಾಲ್ಕು ವಾರ ತೆಗೆದುಕೊಳ್ಳುವ ಆ ಮರಿಗಳು ಗುಹೆಯಿಂದ ಹೊರಬಂದ ಮೇಲೂ ತಿಂಗಳುಗಟ್ಟಲೆ ತಾಯಿಯ ಬೆನ್ನಿನ ಜೂಲನ್ನು ಹಿಡಿದು ಸವಾರಿ ಮಾಡುತ್ತವೆ. ಎರಡು ವರ್ಷದ ಆಸುಪಾಸಿನವರೆಗೆ ತಾಯಿಯನ್ನು ಬಿಡುವುದಿಲ್ಲ. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳು ಇಲ್ಲದಿರುವುದೂ ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಳ್ಳಬಲ್ಲ ಸಾಮರ್ಥ್ಯವೂ ಹುತ್ತ ಬಗೆದು ಗೆದ್ದಲನ್ನು ಹೀರಲು ಅದಕ್ಕೆ ಒದಗಿದ ಅನುಕೂಲಗಳು.

ಈ ವಿವರಗಳು ಪರೀಕ್ಷೆಯ ಅಂಕಕ್ಕಿಂತ ಜೀವಕ್ಕೇ ಹೆಚ್ಚು ಬೇಕಾದವು. ಕರಡಿಯ ಮೂಗು ಚುರುಕು, ಕಣ್ಣು ಮಂದ. ಮುಂಜಾವದಲ್ಲಿ ಸದ್ದಿಲ್ಲದೆ ಗುಡ್ಡ ಹತ್ತುವವರು ಹತ್ತಿರ ಬಂದ ಮೇಲಷ್ಟೇ ಅದಕ್ಕೆ ತಿಳಿಯುವುದರಿಂದ, ಬೆನ್ನ ಮೇಲೆ ಮರಿಯಿರುವ ತಾಯಿ ಬೆಚ್ಚಿ ಮೇಲೆರಗುತ್ತದೆ. ಆದ್ದರಿಂದ ಗುಂಪಾಗಿ, ಮಾತಾಡುತ್ತ ನಡೆಯಬೇಕೆಂಬ ಎಚ್ಚರಿಕೆಗೆ ಕಾರಣ ತಿಳಿದ ಮಕ್ಕಳು ಅದನ್ನು ಮನೆಯವರಿಗೂ ವಿವರಿಸಬಲ್ಲರು.

ರಾಜ್ಯದ ಇನ್ನೊಂದು ಕರಡಿಧಾಮವಾದ, 1994ರಲ್ಲಿ ಘೋಷಣೆಯಾದ ದರೋಜಿಯಲ್ಲಿ ಬಂಡೆಗೆ ಬೆಲ್ಲದ ಪಾಕ ಸವರಿ ಕರಡಿಗಳನ್ನು ಪ್ರವಾಸಿಗರ ಕಣ್ಣಿಗೆ ಬೀಳಿಸುವ ಪದ್ಧತಿ ಹೆಸರುವಾಸಿಯಾಗಿದೆ. ಅರಸೀಕೆರೆ ಅದನ್ನು ಅನುಸರಿಸದಿದ್ದರೆ ಕಲಿಕೆಯ ದೃಷ್ಟಿಯಿಂದ ನಷ್ಟವೇನಿಲ್ಲ. ಕರಡಿಯನ್ನು ಕಾಣದೆಯೂ ಅದರ ವರ್ಷವನ್ನು ಓದಬಹುದು: ಕಾಲಕಾಲಕ್ಕೆ ಅರಣ್ಯ ಸಿಬ್ಬಂದಿಯ ಜೊತೆ ಗುಡ್ಡದ ಬುಡದಲ್ಲಿ ಒಣಗಿದ ಲದ್ದಿಯನ್ನು ಕೋಲಿನಿಂದ ಬಿಡಿಸಿ, ಅದರಲ್ಲಿ ಎಲಚಿಯ ಓಟೆ ಎಷ್ಟು, ಕಕ್ಕೆಯ ಬೀಜ ಎಷ್ಟು, ಗೆದ್ದಲಿನ ತಲೆ ಎಷ್ಟು ಎಂದು ಎಣಿಸಿ, ಸಿಕ್ಕ ಬೀಜಗಳನ್ನು ಶಾಲೆಯ ಕುಂಡದಲ್ಲಿ ಬಿತ್ತಿ, ಮೊಳೆತ ದಿನವನ್ನು ಗೋಡೆಯ ಪಟ್ಟಿಯಲ್ಲಿ ಬರೆಯುವುದಷ್ಟೇ ಇದಕ್ಕೆ ಬೇಕಾದ ಅಭ್ಯಾಸ.