ಒಂದು ಚಿತ್ರ ಕರಗಿ ಇನ್ನೊಂದು ಮೂಡುವ ಹೊತ್ತು

ಹಾಡಿನ ಜತೆಯಲ್ಲಿ ಒಂದು ಚಿತ್ರ ಕರಗುತ್ತ ಇನ್ನೊಂದು ಮೂಡುವ ಸ್ಲೈಡ್ ಷೋ ಸಿನಿಮಾಕ್ಕಿಂತ ಮಾತ್ರವಲ್ಲ, ಫೋಟೊಗ್ರಫಿಗಿಂತಲೂ ಹಳೆಯದು. ಫೋಟೊ ತೆಗೆಯುವ ವಿದ್ಯೆ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಅದಕ್ಕೆ ಮುಂಚೆಯೇ ಲಂಡನ್ನಿನ ಜನ ಟಿಕೆಟ್ ಕೊಂಡು, ಕತ್ತಲ ಸಭಾಂಗಣದಲ್ಲಿ ಕುಳಿತು, ಒಂದು ದೃಶ್ಯ ಕಣ್ಣೆದುರೇ ಕರಗಿ ಬೇರೊಂದು ದೃಶ್ಯವಾಗುವುದನ್ನು ನೋಡಿದ್ದರು. ಆ ಚಿತ್ರಗಳನ್ನು ಗಾಜಿನ ಮೇಲೆ ಕೈಯಿಂದ ಬರೆಯಲಾಗಿತ್ತು. ಅಲ್ಲಿಂದೀಚೆಗೆ ಸಲಕರಣೆಗಳು ಮತ್ತೆ ಮತ್ತೆ ಪೂರ್ತಿ ಬದಲಾಗಿವೆ. ಬಿಡಿಸಬೇಕಾದ ಗಂಟು ಮಾತ್ರ ಅದೇ: ಒಂದರ ಬೆಳಕು ಇಳಿಯುವಾಗ ಇನ್ನೊಂದರ ಬೆಳಕು ಎಷ್ಟು ಏರಬೇಕು, ಎಷ್ಟು ಹೊತ್ತಿನಲ್ಲಿ ಏರಬೇಕು?

ಮೊದಲಿಗೆ ಬಂದದ್ದು ಮಾಯಾಲಾಂದ್ರ. ಒಂದು ಡಬ್ಬ, ಅದರೊಳಗೆ ದೀಪ, ದೀಪದ ಮುಂದೆ ಚಿತ್ರ ಬರೆದ ಗಾಜಿನ ಪಟ್ಟಿ, ಅದರ ಮುಂದೊಂದು ಮಸೂರ. ಡಚ್ ವಿಜ್ಞಾನಿ ಕ್ರಿಸ್ತಿಯಾನ್ ಹೈಗೆನ್ಸ್ 1659ರ ಸುಮಾರಿಗೆ ಇದನ್ನು ಮಾಡಿದ. ಶನಿಗ್ರಹದ ಬಳೆಯನ್ನು ಗುರುತಿಸಿದ ಆ ಗಂಭೀರ ಮನುಷ್ಯನಿಗೆ ತನ್ನ ಹೆಸರು ಇಂಥ ಆಟದ ಸಾಮಾನಿಗೆ ಅಂಟಿಕೊಳ್ಳುವುದು ಇಷ್ಟವಿರಲಿಲ್ಲ. ಆಟದ ಸಾಮಾನು ಅವನನ್ನು ಲೆಕ್ಕಿಸದೆ ಯುರೋಪಿನ ಸಂತೆ ಜಾತ್ರೆಗಳನ್ನೆಲ್ಲ ಸುತ್ತಿತು. ಅಲ್ಲಿ ಚಿತ್ರ ಬದಲಿಸುವ ಕ್ರಮ ಒರಟಾಗಿತ್ತು: ಗಾಜನ್ನು ಪಕ್ಕಕ್ಕೆ ತಳ್ಳಿದರೆ ಹಳೆಯ ಚಿತ್ರ ಜಾರಿ ಹೊಸದು ಬರುತ್ತಿತ್ತು.

ಸಂಗೀತವನ್ನು ಇದಕ್ಕೆ ಯೋಚಿಸಿ ಜೋಡಿಸಿದವರಲ್ಲಿ ಎದ್ದು ಕಾಣುವ ಹೆಸರು ಎತಿಯೆನ್ ಗಾಸ್ಪರ್ ರಾಬರ್ಟ್‌ಸನ್. ಬೆಲ್ಜಿಯಂನ ಲಿಯೇಜ್ ಊರಿನವನು. ಫ್ರಾನ್ಸಿನ ಕ್ರಾಂತಿಯ ನೆತ್ತರು ಇನ್ನೂ ಆರದ ಕಾಲದಲ್ಲಿ, ಪ್ಯಾರಿಸ್ಸಿನ ಪಾಳುಬಿದ್ದ ಕಪೂಚಿನ್ ಮಠದಲ್ಲಿ ಅವನು ದೆವ್ವಗಳ ಪ್ರದರ್ಶನ ನಡೆಸಿದ. ಲಾಂದ್ರವನ್ನು ಗಾಲಿಗಳ ಮೇಲಿಟ್ಟು ಪರದೆಯ ಹಿಂದಿನಿಂದ ಬೆಳಕು ಬಿಡುತ್ತಿದ್ದ. ಲಾಂದ್ರ ಪರದೆಯಿಂದ ದೂರ ಸರಿದಂತೆ ಆಕೃತಿ ಹಿಗ್ಗಿ, ನೋಡುವವರ ಮೈಮೇಲೆಯೇ ಬಂದಂತಾಗುತ್ತಿತ್ತು. ಗಾಜಿನಲ್ಲಿ ಆಕೃತಿಯ ಸುತ್ತಲಿನ ಜಾಗಕ್ಕೆಲ್ಲ ಕಪ್ಪು ಬಳಿದಿದ್ದರಿಂದ ಚೌಕಟ್ಟು ಕಾಣದೆ ದೆವ್ವ ಗಾಳಿಯಲ್ಲಿ ತೇಲುತ್ತಿತ್ತು. ಹಿನ್ನೆಲೆಗೆ, ಬೆಂಜಮಿನ್ ಫ್ರಾಂಕ್ಲಿನ್ 1761ರಲ್ಲಿ ರೂಪಿಸಿದ ಗಾಜಿನ ಬಟ್ಟಲುಗಳ ವಾದ್ಯ: ತಿರುಗುವ ಬಟ್ಟಲುಗಳ ಅಂಚಿಗೆ ಒದ್ದೆ ಬೆರಳು ತಾಗಿಸಿದರೆ ಎಲ್ಲಿಂದ ಹುಟ್ಟಿತೆಂದು ತಿಳಿಯದ ನಾದ. ಚಿತ್ರ ಯಾವ ಭಾವ ಹುಟ್ಟಿಸಬೇಕೋ ಅದನ್ನು ಕಿವಿಯಲ್ಲಿ ಮೊದಲು ಹುಟ್ಟಿಸಬೇಕೆಂಬ ಗುಟ್ಟು ಅವನಿಗೆ ಗೊತ್ತಿತ್ತು.

ಕರಗುವ ಚಿತ್ರದ ಕೀರ್ತಿ ಇಂಗ್ಲೆಂಡಿನ ಹೆನ್ರಿ ಲ್ಯಾಂಗ್ಡನ್ ಚೈಲ್ಡ್ ಎಂಬಾತನಿಗೆ ಸಲ್ಲುತ್ತದೆ. 1830ರ ದಶಕದಲ್ಲಿ ಇವು ಜನಪ್ರಿಯವಾದವು. 1838ರಲ್ಲಿ ಲಂಡನ್ನಿನ ರೀಜೆಂಟ್ ಸ್ಟ್ರೀಟಿನಲ್ಲಿ ತೆರೆದ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ಅವಕ್ಕೆ ನೆಲೆಯೂ ಸಿಕ್ಕಿತು. ಉಪಾಯ ಸರಳ: ಒಂದರ ಬದಲು ಎರಡು ಲಾಂದ್ರ, ಎರಡರ ಗುರಿಯೂ ಪರದೆಯ ಒಂದೇ ಜಾಗಕ್ಕೆ. ಒಂದರ ಬೆಳಕನ್ನು ಮೆಲ್ಲಗೆ ಮುಚ್ಚುತ್ತ ಇನ್ನೊಂದನ್ನು ಅದೇ ವೇಗದಲ್ಲಿ ತೆರೆಯುವುದು. ಇದಕ್ಕೆ ಬಾಚಣಿಗೆಯಂತೆ ಹಲ್ಲುಗಳಿದ್ದ ತಗಡಿನ ಮುಚ್ಚಳಗಳು ಬಂದವು. ನೇರ ಅಂಚಿನ ಮುಚ್ಚಳವಾದರೆ ಅದರ ನೆರಳು ಗೆರೆಯಾಗಿ ಪರದೆಯ ಮೇಲೆ ಓಡುತ್ತದೆ, ಹಲ್ಲುಗಳಿದ್ದರೆ ಬೆಳಕು ಒಟ್ಟಾರೆ ಕುಗ್ಗುತ್ತದೆ.

ಆಮೇಲೆ ಲೈಮ್‌ಲೈಟ್ ಬಂತು. ಆಮ್ಲಜನಕ, ಜಲಜನಕಗಳ ಜ್ವಾಲೆಯನ್ನು ಸುಣ್ಣದ ಗಟ್ಟಿಯ ಮೇಲೆ ಹಾಯಿಸಿದರೆ ಅದು ಕಣ್ಣು ಕೋರೈಸುವಂತೆ ಬೆಳಗುತ್ತದೆ. ಜ್ವಾಲೆ ಬಿದ್ದಲ್ಲಿ ಸುಣ್ಣ ಕುಳಿಬೀಳುವುದರಿಂದ ಆಗಾಗ ಗಟ್ಟಿಯನ್ನು ತಿರುಗಿಸುತ್ತಿರಬೇಕು. ಈ ದೀಪಕ್ಕಾಗಿ ಒಂದು ವಿಶೇಷ ನಲ್ಲಿಯನ್ನೇ ಮಾಡಿದರು. ಹಿಡಿಯನ್ನು ಒಂದು ಕಡೆಗೆ ತಿರುಗಿಸಿದರೆ ಮೇಲಿನ ಲಾಂದ್ರದ ಅನಿಲ ಇಳಿದು ಕೆಳಗಿನದರದ್ದು ಏರುತ್ತಿತ್ತು. ಪೂರ್ತಿ ಮುಚ್ಚಿದಾಗಲೂ ಒಂದು ಕಿರುದಾರಿಯಿಂದ ಚೂರು ಅನಿಲ ಹರಿದು ಜ್ವಾಲೆ ಆರದಂತೆ ಕಾಯುತ್ತಿತ್ತು. ಇಲ್ಲವಾದರೆ ಪ್ರತಿ ಚಿತ್ರಕ್ಕೂ ಕಡ್ಡಿ ಗೀರಬೇಕಾಗುತ್ತಿತ್ತು.

ಆ ಕಾಲದ ಮೆಚ್ಚಿನ ದೃಶ್ಯ ಹಳ್ಳಿಯ ನೀರ್ಗಿರಣಿ. ಮೊದಲ ಗಾಜಿನಲ್ಲಿ ಬೇಸಿಗೆ. ಎರಡನೆಯದರಲ್ಲಿ ಅದೇ ಗಿರಣಿ, ಅದೇ ಮರ, ಆದರೆ ಹಿಮ. ಎರಡೂ ಕೂದಲೆಳೆಯಷ್ಟೂ ಆಚೀಚೆಯಾಗದೆ ಒಂದರ ಮೇಲೊಂದು ಕೂರಬೇಕು. ಲಾಂದ್ರ ಮೂರಂತಸ್ತಿನದಾದರೆ ಮೂರನೆಯದರಿಂದ ಹಿಮ ಸುರಿಸಬಹುದಿತ್ತು. ಅದಕ್ಕೆ ಕಪ್ಪು ಬಟ್ಟೆಯ ಸುರುಳಿಯಲ್ಲಿ ಸೂಜಿಯಿಂದ ತೂತು ಚುಚ್ಚಿ, ಎರಡು ಉರುಳೆಗಳ ನಡುವೆ ಮೆಲ್ಲಗೆ ಸುತ್ತುತ್ತಿದ್ದರು. ತೂತುಗಳಿಂದ ಹಾಯ್ದ ಬೆಳಕಿನ ಚುಕ್ಕಿಗಳು ಪರದೆಯ ಮೇಲೆ ಹಿಮದಂತೆ ಇಳಿಯುತ್ತಿದ್ದವು. ಇಂದು ಸಾಫ್ಟ್‌ವೇರಿನ ಒಂದು ಗುಂಡಿಯಿಂದ ಬೀಳುವ ಹಿಮಕ್ಕಿಂತ ಅದು ಕಳಪೆಯಾಗಿದ್ದಿರಲಾರದು.

ಲಾಂದ್ರದೊಳಗೆ ಫೋಟೊ ಬಂದದ್ದು ಅಮೆರಿಕದ ಫಿಲಡೆಲ್ಫಿಯಾದಿಂದ. ಅಲ್ಲಿ ನೆಲೆಸಿದ್ದ ಜರ್ಮನ್ ಮೂಲದ ಲ್ಯಾಂಗನ್‌ಹೈಮ್ ಸೋದರರು ಮೊಟ್ಟೆಯ ಬಿಳಿಯ ಲೇಪವಿದ್ದ ಗಾಜಿನ ಮೇಲೆ ಫೋಟೊ ಮೂಡಿಸುವ ಕ್ರಮಕ್ಕೆ 1850ರಲ್ಲಿ ಪೇಟೆಂಟ್ ಪಡೆದರು. ಅದೇ ಶತಮಾನದ ಕೊನೆಗೆ ಹಾಡಿನ ವ್ಯಾಪಾರಿಗಳು ಈ ಸ್ಲೈಡನ್ನು ಹಿಡಿದರು. 1894ರಲ್ಲಿ ಎಡ್ವರ್ಡ್ ಮಾರ್ಕ್ಸ್ ಮತ್ತು ಜೋಸೆಫ್ ಸ್ಟರ್ನ್ ತಮ್ಮ ‘ದ ಲಿಟಲ್ ಲಾಸ್ಟ್ ಚೈಲ್ಡ್’ ಹಾಡಿಗೆ ಫೋಟೊಗಳನ್ನು ಜೋಡಿಸಿದರು. ಪಿಯಾನೊ ನುಡಿಯುತ್ತಿದ್ದಂತೆ ಗಾಯಕ ಹಾಡುವುದು, ಸಾಲಿಗೆ ತಕ್ಕಂತೆ ಬಣ್ಣ ಹಚ್ಚಿದ ಸ್ಲೈಡುಗಳು ಬದಲಾಗುವುದು, ಕೊನೆಗೆ ಪಲ್ಲವಿಯ ಮಾತುಗಳು ಪರದೆಗೆ ಬಂದು ಸಭೆಯೇ ದನಿಗೂಡಿಸುವುದು. ಅಚ್ಚಾದ ಹಾಡಿನ ಹಾಳೆಗಳನ್ನು ಮಾರುವ ಜಾಹೀರಾತು ಇದಾಗಿತ್ತು. ಸಿನಿಮಾ ಮನೆಗಳು ರೀಲು ಬದಲಿಸುವ ಬಿಡುವಿನಲ್ಲಿ ಇವನ್ನು ತೋರಿಸುತ್ತಿದ್ದವು. ಸಿನಿಮಾ ಉದ್ದವಾದಂತೆ ಇವು ಮಾಯವಾದವು.

ಭಾರತದಲ್ಲಿ ಇದೇ ಕಾಲಕ್ಕೆ, 1890ರ ದಶಕದಲ್ಲಿ, ಮುಂಬಯಿ ಬಳಿಯ ಕಲ್ಯಾಣದ ಮಹಾದೇವ ಪಟವರ್ಧನ್ ಮತ್ತು ಅವರ ಮಕ್ಕಳು ‘ಶಾಂಬರಿಕ ಖರೋಲಿಕಾ’ ಎಂಬ ಲಾಂದ್ರದ ಆಟ ಕಟ್ಟಿದರು. ಮಾಯಾವಿ ಶಂಬರಾಸುರನ ಹೆಸರು ಹೊತ್ತ ಈ ಆಟದಲ್ಲಿ ಕೈಯಿಂದ ಬರೆದ ಗಾಜುಗಳು ಪುರಾಣದ ಕತೆ ಹೇಳುತ್ತಿದ್ದವು. ಕರ್ನಾಟಕದ ಹಳಬರಿಗೆ ಸ್ಲೈಡ್ ಎಂದರೆ ಮೊದಲು ನೆನಪಾಗುವುದು ಚಿತ್ರಮಂದಿರ ಮತ್ತು ಟೂರಿಂಗ್ ಟಾಕೀಸು. ಬಟ್ಟೆ ಅಂಗಡಿಯ ಜಾಹೀರಾತು, ‘ಧೂಮಪಾನ ನಿಷೇಧಿಸಲಾಗಿದೆ’ ಎಂಬ ಸೂಚನೆ, ಮುಂದಿನ ಚಿತ್ರದ ಹೆಸರು, ಜತೆಗೆ ಗ್ರಾಮಫೋನ್ ತಟ್ಟೆಯ ಹಾಡು. ಅಲ್ಲಿ ಹಾಡಿಗೂ ಸ್ಲೈಡಿಗೂ ಏನೂ ಸಂಬಂಧವಿರಲಿಲ್ಲ.

ಸ್ಲೈಡನ್ನು ಮನೆಮನೆಗೆ ತಂದದ್ದು ಕೊಡಾಕ್ರೋಮ್ ಎಂಬ ಬಣ್ಣದ ಫಿಲ್ಮ್. ಅದನ್ನು ಕಂಡುಹಿಡಿದ ಇಬ್ಬರೂ ಸಂಗೀತಗಾರರು: ಲಿಯೋಪೋಲ್ಡ್ ಮ್ಯಾನ್ಸ್ ಪಿಯಾನೊ ವಾದಕ, ಲಿಯೋಪೋಲ್ಡ್ ಗೊಡೋವ್‌ಸ್ಕಿ ಪಿಟೀಲು ವಾದಕ. ಕತ್ತಲಕೋಣೆಯಲ್ಲಿ ಗಡಿಯಾರ ಕಾಣದಾದಾಗ ಬ್ರಾಮ್ಸ್‌ನ ಸಿಂಫೊನಿಯೊಂದನ್ನು ಸಿಳ್ಳೆಯಲ್ಲಿ ನುಡಿಸಿ ಹೊತ್ತು ಅಳೆಯುತ್ತಿದ್ದರು ಎಂಬುದು ಅವರ ಬಗ್ಗೆ ಪ್ರಸಿದ್ಧವಾದ ಕತೆ. 1935ರಲ್ಲಿ ಸಿನಿಮಾ ಫಿಲ್ಮಾಗಿ ಬಂದ ಕೊಡಾಕ್ರೋಮ್ ಮರುವರ್ಷ 35 ಮಿಲಿಮೀಟರ್ ಕ್ಯಾಮೆರಾಗಳಿಗೂ ದಕ್ಕಿತು. 1961ರಲ್ಲಿ ಕೊಡಾಕ್ ಕಂಪನಿಯ ಕ್ಯಾರೊಸೆಲ್ ಪ್ರೊಜೆಕ್ಟರ್ ಬಂತು. ದುಂಡನೆಯ ತಟ್ಟೆಯಲ್ಲಿ 80 ಸ್ಲೈಡು; ತಟ್ಟೆ ಒಂದು ಮನೆ ತಿರುಗಿದರೆ ಮುಂದಿನ ಸ್ಲೈಡು ತನ್ನ ಭಾರಕ್ಕೇ ಕೆಳಗಿಳಿಯುತ್ತಿತ್ತು. ಖಟ್ ಎಂಬ ಸದ್ದಿನ ಜತೆಗೆ ಪರದೆ ಕ್ಷಣಕಾಲ ಕತ್ತಲಾಗುತ್ತಿತ್ತು.

ಆ ಕತ್ತಲನ್ನು ತೊಡೆಯಲು ಹವ್ಯಾಸಿಗಳು ಮರಳಿದ್ದು ಚೈಲ್ಡ್‌ನ ಉಪಾಯಕ್ಕೇ: ಎರಡು ಪ್ರೊಜೆಕ್ಟರ್, ಒಂದೇ ಪರದೆ. ಬೆಸಸಂಖ್ಯೆಯ ಚಿತ್ರಗಳು ಒಂದರಲ್ಲಿ, ಸಮಸಂಖ್ಯೆಯವು ಇನ್ನೊಂದರಲ್ಲಿ. ಅನಿಲದ ನಲ್ಲಿಯ ಕೆಲಸವನ್ನು ಈಗ ಡಿಸಾಲ್ವ್ ಯೂನಿಟ್ ಎಂಬ ವಿದ್ಯುತ್ ಪೆಟ್ಟಿಗೆ ಮಾಡುತ್ತಿತ್ತು. ಒಂದರ ಬಲ್ಬು ಮಂದವಾಗಿ ಇನ್ನೊಂದರದ್ದು ಬೆಳಗಿದ ಮೇಲೆ, ಕತ್ತಲಲ್ಲಿದ್ದ ಪ್ರೊಜೆಕ್ಟರ್ ಸದ್ದಿಲ್ಲದಂತೆ ಮುಂದಿನ ಸ್ಲೈಡಿಗೆ ಹೊರಳುತ್ತಿತ್ತು. ಟಂಗ್‌ಸ್ಟನ್ ತಂತಿ ತಟ್ಟನೆ ಆರುವುದಿಲ್ಲ, ಆರುವಾಗ ಕೆಂಪಗಾಗುತ್ತದೆ. ಹಳೆಯ ಡಿಸಾಲ್ವ್‌ಗಳಲ್ಲಿ ಕಾಣುವ ಬೆಚ್ಚನೆಯ ಮುಸ್ಸಂಜೆ ಬಣ್ಣದ ಮೂಲ ಇದು.

ಸಂಗೀತಕ್ಕೆ ಟೇಪ್ ರೆಕಾರ್ಡರ್. ಟೇಪಿನ ಒಂದು ಟ್ರ್ಯಾಕಿನಲ್ಲಿ ಸಂಗೀತ, ಇನ್ನೊಂದರಲ್ಲಿ ಸಭೆಗೆ ಕೇಳಿಸದ ಸಂಕೇತಗಳು. ಸಂಕೇತ ಬಂದೊಡನೆ ಚಿತ್ರ ಬದಲು. ಸ್ವರದ ಏರಿಳಿತಕ್ಕೆ ಚಿತ್ರವನ್ನು ಕಟ್ಟಿಹಾಕುವುದು ಪ್ರತಿಸಲವೂ ಒಂದೇ ಬಗೆಯಲ್ಲಿ ಸಾಧ್ಯವಾದದ್ದು ಆಗಲೇ. ತೊಂದರೆಗಳಿಗೇನೂ ಬರವಿರಲಿಲ್ಲ. ರಟ್ಟಿನ ಚೌಕಟ್ಟಿನ ಸ್ಲೈಡು ಬಲ್ಬಿನ ಬಿಸಿಗೆ ಉಬ್ಬಿ ಫೋಕಸ್ ತಪ್ಪುತ್ತಿತ್ತು. ಎರಡು ಗಾಜುಗಳ ನಡುವೆ ಇಟ್ಟರೆ ಕಾಮನಬಿಲ್ಲಿನ ಬಣ್ಣದ ಉಂಗುರಗಳು ಮೂಡುತ್ತಿದ್ದವು. ನಮ್ಮ ಮಳೆಗಾಲದಲ್ಲಿ ಫಂಗಸ್ಸೂ ಸೇರುತ್ತಿತ್ತು.

ದೊಡ್ಡವರ ಆಟ ಬೇರೆಯೇ ಅಳತೆಯದು. 1967ರ ಮಾಂಟ್ರಿಯಲ್ ವಿಶ್ವ ಪ್ರದರ್ಶನದ ಚೆಕೊಸ್ಲೊವಾಕಿಯಾ ಮಂಟಪದಲ್ಲಿ ರಂಗವಿನ್ಯಾಸಕಾರ ಯೋಸೆಫ್ ಸ್ವೊಬೊದಾ 112 ಪೆಟ್ಟಿಗೆಗಳ ಗೋಡೆಯನ್ನೇ ನಿಲ್ಲಿಸಿದ. ಪ್ರತಿ ಪೆಟ್ಟಿಗೆಗೆ ಎರಡು ಪ್ರೊಜೆಕ್ಟರ್, ಒಟ್ಟು ಸುಮಾರು 15,000 ಸ್ಲೈಡು. ಪೆಟ್ಟಿಗೆಗಳೇ ಹಿಂದೆ ಮುಂದೆ ಚಲಿಸುತ್ತಿದ್ದವು. ಇದಕ್ಕಿಂತ ಹೆಚ್ಚು ಕಾಲ ಬಾಳಿದ ಕೆಲಸ ನ್ಯೂಯಾರ್ಕಿನ ಛಾಯಾಗ್ರಾಹಕಿ ನ್ಯಾನ್ ಗೋಲ್ಡಿನ್ ಅವರದು. ತಮ್ಮ ಗೆಳೆಯರ ಬದುಕಿನ ಸುಮಾರು 700 ಸ್ಲೈಡುಗಳನ್ನು ಹಾಡುಗಳೊಂದಿಗೆ ಪೋಣಿಸಿ 1980ರ ದಶಕದಲ್ಲಿ ಅವರು ತೋರಿಸಿದ್ದು ಇಂದು ಕಲಾ ಸಂಗ್ರಹಾಲಯಗಳಲ್ಲಿದೆ.

ಚಿತ್ರದ ಒಳಗೇ ಕಣ್ಣನ್ನು ನಡೆಸುವ ವಿದ್ಯೆ ಮಾತ್ರ ಸಿನಿಮಾದಿಂದ ಬಂದದ್ದು. ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್‌ಗಾಗಿ ಕಾಲಿನ್ ಲೋ ಮತ್ತು ವುಲ್ಫ್ ಕೋನಿಗ್ 1957ರಲ್ಲಿ ಮಾಡಿದ ‘ಸಿಟಿ ಆಫ್ ಗೋಲ್ಡ್’ ಸಾಕ್ಷ್ಯಚಿತ್ರದಲ್ಲಿ, ಚಿನ್ನದ ಬೇಟೆಯ ಕಾಲದ ಡಾಸನ್ ಪಟ್ಟಣದ ಹಳೆಯ ಫೋಟೊಗಳ ಮೇಲೆ ಕ್ಯಾಮೆರಾ ನಿಧಾನವಾಗಿ ಸರಿಯುತ್ತದೆ. ಅದನ್ನು ನೋಡಿ ಕಲಿತ ಅಮೆರಿಕದ ಸಾಕ್ಷ್ಯಚಿತ್ರ ನಿರ್ದೇಶಕ ಕೆನ್ ಬರ್ನ್ಸ್ 1990ರ ‘ದ ಸಿವಿಲ್ ವಾರ್’ ಸರಣಿಯಲ್ಲಿ ಅದನ್ನೇ ಶೈಲಿಯಾಗಿಸಿದರು. 2003ರಲ್ಲಿ ಆ್ಯಪಲ್ ಕಂಪನಿಯ ಐಮೂವಿ ಬರ್ನ್ಸ್ ಹೆಸರಿನಲ್ಲೇ ಆ ಸೌಲಭ್ಯ ಕೊಟ್ಟಿತು. ಕೆನಡಾದವರ ಹೆಸರು ಹಿಂದೆ ಉಳಿಯಿತು.

ಅಷ್ಟರಲ್ಲಿ ಮನೆಯ ಕಂಪ್ಯೂಟರು ಎರಡೂ ಪ್ರೊಜೆಕ್ಟರುಗಳನ್ನು ನುಂಗಿತ್ತು. ಇಗೋರ್ ಕೊಕಾರೆವ್ ರೂಪಿಸಿದ ಪಿಕ್ಚರ್ಸ್‌ಟುಎಕ್ಸ್‌ಇ, ಫೋಟೊಡೆಕ್ಸ್ ಕಂಪನಿಯ ಪ್ರೊಷೋ, ಮೈಕ್ರೊಸಾಫ್ಟ್ ಉಚಿತವಾಗಿ ಕೊಟ್ಟ ಫೋಟೊ ಸ್ಟೋರಿ ಇವೆಲ್ಲ ಹವ್ಯಾಸಿಗಳ ಮೆಚ್ಚಿನ ತಂತ್ರಾಂಶಗಳಾದವು. ಕೊಡಾಕ್ 2004ರಲ್ಲಿ ಸ್ಲೈಡ್ ಪ್ರೊಜೆಕ್ಟರ್ ತಯಾರಿಕೆ ನಿಲ್ಲಿಸಿತು.

ಕಂಪ್ಯೂಟರಿನಲ್ಲಿ ನಲ್ಲಿಯ ಜಾಗಕ್ಕೆ ಲೆಕ್ಕ ಬಂತು. ಪ್ರತಿ ಬಿಂದುವಿನಲ್ಲೂ, ಅಂದರೆ ಪಿಕ್ಸೆಲ್‌ನಲ್ಲೂ, ಹಳೆಯ ಚಿತ್ರದ ಪಾಲು ನೂರರಿಂದ ಸೊನ್ನೆಗೆ ಇಳಿಯುತ್ತದೆ, ಹೊಸದರ ಪಾಲು ಸೊನ್ನೆಯಿಂದ ನೂರಕ್ಕೆ ಏರುತ್ತದೆ. ಸುಲಭವೆನ್ನಿಸಿದರೂ ಇಲ್ಲೊಂದು ತೊಡಕಿದೆ. ಕಡತದಲ್ಲಿರುವ 0ಯಿಂದ 255ರವರೆಗಿನ ಅಂಕಿಗಳು ಬೆಳಕಿನ ನೇರ ಅಳತೆಯಲ್ಲ. ಕಪ್ಪು, ಬಿಳಿಯ ಅಂಕಿಗಳನ್ನು ಅರ್ಧರ್ಧ ಬೆರೆಸಿದರೆ ಬರುವ 128, ಪರದೆಯಲ್ಲಿ ಬಿಳಿಯ ಅರ್ಧದಷ್ಟಲ್ಲ, ಶೇ 22ರಷ್ಟು ಬೆಳಕು ಕೊಡುತ್ತದೆ. ನಿಜವಾದ ಎರಡು ಬೆಳಕುಗಳು ಕೂಡಿದಾಗ ಹೀಗಾಗುವುದಿಲ್ಲ. ಅಂಕಿಗಳನ್ನು ಮೊದಲು ಬೆಳಕಿನ ಅಳತೆಗೆ ಪರಿವರ್ತಿಸಿ, ಬೆರೆಸಿ, ಮರಳಿ ಅಂಕಿ ಮಾಡಿದರೆ ಹಳೆಯ ಲಾಂದ್ರದ ಹದ ಸಿಗುತ್ತದೆ.

ಇನ್ನೊಂದು ತೊಡಕು ಸರಿದಾಟದ್ದು. ಚಿತ್ರ 8 ಸೆಕೆಂಡಿನಲ್ಲಿ 100 ಬಿಂದುಗಳಷ್ಟು ಪಕ್ಕಕ್ಕೆ ಸರಿಯಬೇಕೆನ್ನಿ. ಸೆಕೆಂಡಿಗೆ 60 ಚೌಕಟ್ಟಿನಂತೆ 480 ಹೆಜ್ಜೆ. ಒಂದು ಹೆಜ್ಜೆಗೆ ಬಿಂದುವಿನ ಐದನೇ ಒಂದಂಶ. ತಂತ್ರಾಂಶ ಅದನ್ನು ಪೂರ್ಣ ಬಿಂದುವಿಗೆ ಸರಿಹೊಂದಿಸಿದರೆ ಚಿತ್ರ ನಿಂತು ನಿಂತು ಜಿಗಿದು ನಡುಗುತ್ತದೆ. ಬಿಂದುವಿನ ಭಾಗಗಳಲ್ಲೂ ಬಣ್ಣ ಹಂಚುವಷ್ಟು ಲೆಕ್ಕವನ್ನು ಗ್ರಾಫಿಕ್ಸ್ ಕಾರ್ಡ್ ಮಾಡತೊಡಗಿದ ಮೇಲೆ ಈ ನಡುಕ ನಿಂತಿತು.

ಕಿವಿಯ ಲೆಕ್ಕ ಕಣ್ಣಿನದಕ್ಕಿಂತ ಬೇರೆ. ಒಂದು ಹಾಡನ್ನು ಇಳಿಸುತ್ತ ಇನ್ನೊಂದನ್ನು ಏರಿಸುವಾಗ ಎರಡನ್ನೂ ನಡುವಿನಲ್ಲಿ ಅರ್ಧಕ್ಕಿಟ್ಟರೆ ಒಟ್ಟು ಸದ್ದು 3 ಡೆಸಿಬೆಲ್ ಕುಸಿದು, ಅಲ್ಲೊಂದು ಹಳ್ಳ ಬಿದ್ದಂತೆ ಕೇಳುತ್ತದೆ. ಅದಕ್ಕೆ ತಲಾ ಶೇ 71ರಷ್ಟು ಇಡುವ ಬಾಗುರೇಖೆಯನ್ನು ಧ್ವನಿ ತಂತ್ರಜ್ಞರು ಬಳಸುತ್ತಾರೆ. ಚಿತ್ರವನ್ನು ಪ್ರತಿ ತಾಳಕ್ಕೂ ಬದಲಿಸುವುದು ಹೊಸಬರ ಚಪಲ. ನಿಮಿಷಕ್ಕೆ 120 ಪೆಟ್ಟಿನ ಹಾಡಿನಲ್ಲಿ ಹಾಗೆ ಮಾಡಿದರೆ ಪ್ರತಿ ಫೋಟೊಗೆ ದಕ್ಕುವುದು ಅರ್ಧ ಸೆಕೆಂಡು. ಒಂದು ಫೋಟೊಗೆ 6 ಸೆಕೆಂಡು ಕೊಟ್ಟರೆ ಮೂರು ನಿಮಿಷದ ಹಾಡಿಗೆ 30 ಫೋಟೊ ಸಾಕು. ಮದುವೆ ಮುಗಿಸಿ ಬಂದವರ ಕೈಯಲ್ಲಿ ಸಾವಿರ ಇರುತ್ತವೆ. ಆಯುವುದೇ ಇಲ್ಲಿ ದೊಡ್ಡ ಕೆಲಸ.

ತಂತ್ರಾಂಶಗಳು ಪುಟ ಮಗುಚುವ, ಚೂರು ಚೂರಾಗುವ, ಗಿರಗಿರನೆ ತಿರುಗುವ ನೂರಾರು ಬದಲಾವಣೆಗಳನ್ನು ಮುಂದಿಟ್ಟರೂ ಪಳಗಿದವರು ಬಳಸುವುದು ಬಹುಪಾಲು ಕರಗುವುದನ್ನೇ. ಅವರು ಹುಡುಕುವುದು ಎರಡು ಚಿತ್ರಗಳ ನಡುವೆ ಮೂಡುವ ಮೂರನೆಯದನ್ನು. ಅಜ್ಜಿಯ ಮುಖ ಕರಗಿ ಉತ್ತ ಹೊಲ ಮೂಡುವಾಗ, ಸುಕ್ಕುಗಳು ನೇಗಿಲ ಸಾಲಿನ ಮೇಲೆ ಸರಿಯಾಗಿ ಕೂರುವಂತೆ ಮೊದಲೇ ಚೌಕಟ್ಟು ಹೊಂದಿಸಿದ್ದರೆ, ಒಂದೆರಡು ಸೆಕೆಂಡು ಅಲ್ಲಿ ಯಾರೂ ತೆಗೆಯದ ಫೋಟೊ ಇರುತ್ತದೆ. ಬ್ರಿಟನ್ನಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿಯಲ್ಲಿ ಇಂಥ ಕೆಲಸಕ್ಕೆಂದೇ ಒಂದು ವಿಭಾಗವಿದೆ.

ಉಳಿದವರ ಪಾಲಿಗೆ ಈ ಕೆಲಸವನ್ನು ಫೋನೇ ಮಾಡಿಕೊಡುತ್ತಿದೆ. ಕಳೆದ ವರ್ಷದ ಪ್ರವಾಸದ ಫೋಟೊಗಳನ್ನು ತಾನೇ ಆರಿಸಿ, ಹಾಡು ಹಾಕಿ, ಮುಖದತ್ತ ಮೆಲ್ಲಗೆ ಹಿಗ್ಗಿಸಿ, ಕರಗಿಸಿ ಕೊಡುತ್ತದೆ. ಕಲ್ಯಾಣಮಂಟಪದ ಎಲ್‌ಇಡಿ ಪರದೆಯಲ್ಲಿ ಆರತಕ್ಷತೆಯ ಹೊತ್ತಿಗೆ ಓಡುವುದೂ, ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ ಹುಟ್ಟುಹಬ್ಬಕ್ಕೆ ಕಾಣುವುದೂ ಬಹುತೇಕ ಇದೇ ಅಚ್ಚಿನವು. ಫೋನು ಚೆನ್ನಾಗಿ ಮಾಡುವುದು ತಾಳ ಹಿಡಿಯುವ ಕೆಲಸವನ್ನು. ಯಾವ ಚಿತ್ರದ ಮೇಲೆ ಯಾವುದು ಕರಗಬೇಕೆಂದು ಹೊಂದಿಸುವುದನ್ನು ಅದಕ್ಕೆ ಬಿಟ್ಟರೆ, ಸಾಮಾನ್ಯವಾಗಿ ತೆಗೆದ ದಿನಾಂಕದ ಸಾಲನ್ನೇ ಹಿಡಿದು ಹೋಗುತ್ತದೆ.